ಅವಳು ಮಲಗಿರಲಿಲ್ಲ

ನನ್ನ ಹೆಂಡತಿ ಸರೋಜ ಆ ಮಧ್ಯಾಹ್ನ ಮಲಗಿರಲಿಲ್ಲ. ಕರೆದರೆ ಕೇಳಿಸುವಷ್ಟು ದೂರದಲ್ಲಿ, ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಉಪ್ಪಿನ ಬಯಲಿನ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದಳು. ಫೋನಿನಲ್ಲಿ ಅವಳ ಅಣ್ಣ ಅವಳನ್ನು ಕೇಳಿದರು. ಮಲಗಿದ್ದಾಳೆ ಎಂದೆ. ಬಾಯಿ ತಪ್ಪಿ ಬಂದ ಮಾತಲ್ಲ, ಗಾಬರಿಯಲ್ಲಿ ಬಂದದ್ದೂ ಅಲ್ಲ — ಗೊತ್ತಿದ್ದೇ ಹೇಳಿದ ಸುಳ್ಳು.

ಬೈಯುವವರು ಬೈಯಲಿ. ಆದರೆ ಅದಕ್ಕೂ ಮೊದಲು ಒಂದು ವಿಷಯ ಖಡಾಖಂಡಿತವಾಗಿ ಹೇಳಿಬಿಡುತ್ತೇನೆ. ಆ ಪ್ರವಾಸ ಹೋದದ್ದಕ್ಕೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ಕುಣಿಗಲ್ಲಿನ ಸೈಟು ಮಾರಿದ್ದಕ್ಕೂ ಇಲ್ಲ, ಅದೇ ದುಡ್ಡಿನಲ್ಲಿ ಹಳೆಯ ಮಿನಿ ಬಸ್ಸೊಂದನ್ನು ಕೊಂಡು ಅದನ್ನೇ ಮನೆ ಮಾಡಿಕೊಂಡಿದ್ದಕ್ಕೂ ಇಲ್ಲ. ನೆಂಟರು ನಕ್ಕರು. "ವಯಸ್ಸಾದ್ಮೇಲೆ ಮನೆ ಬುಟ್ಟು ಗಾಡೀಲಿ ಸಂಸಾರ ಮಾಡ್ತಾರಂತೆ" ಎಂದು ಮದುವೆ ಮನೆಗಳಲ್ಲಿ ಆಡಿಕೊಂಡರು. ಆಡಿಕೊಳ್ಳಲಿ. ತುಮಕೂರಿನ ಬಸ್ ಡಿಪೋದಲ್ಲಿ ಸರ್ವೀಸ್ ಪೂರ್ತಿ ಬೇರೆಯವರು ಊರೂರು ಸುತ್ತುವ ಬಸ್ಸುಗಳ ಕೆಳಗೆ ಅಂಗಾತ ಮಲಗಿ ರಿಪೇರಿ ಮಾಡಿದವನು ನಾನು. ಸರೋಜ ಕುಣಿಗಲ್ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ. ದಿನಾ ನಮ್ಮ ಮನೆಯಿರುವ ಕ್ಯಾತ್ಸಂದ್ರದಿಂದ ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬಂದವಳು. ಸೀಟು ಸಿಕ್ಕ ದಿನ ಮನೆಗೆ ಬಂದು ಅದನ್ನೇ ಒಂದು ಸುದ್ದಿಯಂತೆ ಹೇಳುತ್ತಿದ್ದಳು. ಇಬ್ಬರೂ ರಿಟೈರ್ ಆದ ಮೇಲೆ ನಮ್ಮದೇ ಗಾಡಿಯಲ್ಲಿ, ನಮ್ಮದೇ ಸೀಟಿನಲ್ಲಿ ಕೂತು ದೇಶ ನೋಡಬೇಕು ಅನ್ನಿಸಿದ್ದು ತಪ್ಪೇ? ನಾನು ಒಪ್ಪುವುದಿಲ್ಲ. ಮಗಳಿಗೆ ಮದುವೆಯಾಗಿ ಅವಳ ಪಾಡಿಗೆ ಅವಳು ಚೆನ್ನಾಗಿದ್ದಳು. ನಮಗೆ ಯಾರ ಹಂಗೂ ಇರಲಿಲ್ಲ.

ಹಂಗು ಇದ್ದದ್ದು ಒಬ್ಬರದು ಮಾತ್ರ. ಗುಬ್ಬಿಯ ಭಾವನದು.

ಭಾವ ಎಂದರೆ ಸರೋಜಳ ಅಣ್ಣ, ಪರಮಶಿವಯ್ಯ. ತಂದೆ ತಾಯಿ ಇಬ್ಬರೂ ಬೇಗ ಹೋದಾಗ ಕಾಲೇಜು ಬಿಟ್ಟು ಗುಬ್ಬಿ ಪೇಟೆಯ ಕೊಬ್ಬರಿ ಅಂಗಡಿಯಲ್ಲಿ ಕೂತವರು. ತಂಗಿಯನ್ನು ಮಾತ್ರ ಡಿಗ್ರಿವರೆಗೆ ಓದಿಸಿದರು, ಕೆಲಸಕ್ಕೆ ಕಳಿಸಿದರು, ಮುಂದೆ ನಿಂತು ಮದುವೆ ಮಾಡಿದರು. ಒಳ್ಳೆಯವರು. ಅದೇ ಕಷ್ಟವಾಗಿತ್ತು — ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು.

ಮದುವೆಯಾದ ಹೊಸದರಲ್ಲಿ ಊಟಿಗೆ ಹೋಗಿದ್ದೆವು. ಮರುದಿನವೇ ಲಾಡ್ಜಿಗೆ ಫೋನು ಬಂತು, ಅಣ್ಣ ಸ್ಕೂಟರಿನಿಂದ ಬಿದ್ದಿದ್ದಾನೆ ಎಂದು. ಸರೋಜ ಅಳುತ್ತಲೇ ಬಸ್ಸು ಹತ್ತಿದಳು. ಗುಬ್ಬಿಗೆ ಬಂದು ನೋಡಿದರೆ ಕಾಲು ಉಳುಕಿತ್ತು, ಭಾವ ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಆಮೇಲೆ ಗೋವಾಕ್ಕೆ ಹೊರಟಾಗ ಅವರಿಗೆ ಸಕ್ಕರೆ ಕಾಯಿಲೆ ಹೆಚ್ಚಾಯಿತು, ಹುಬ್ಬಳ್ಳಿಯಿಂದಲೇ ವಾಪಸ್. ಮಗಳ ಜೊತೆ ಹಂಪಿಗೆ ಹೋದಾಗ ಅಂಗಡಿ ಪಾಲುದಾರರೊಂದಿಗೆ ಏನೋ ವ್ಯಾಜ್ಯ — ಮತ್ತೆ ವಾಪಸ್. ಹೀಗೆ ನಾನು ಹೊರಟ ದಾರಿಗಳೆಲ್ಲ ಅರ್ಧಕ್ಕೇ ತಿರುಗಿ ಗುಬ್ಬಿಯ ಆ ಜಗಲಿಗೆ ಬಂದು ನಿಲ್ಲುತ್ತಿದ್ದವು. "ಅಣ್ಣ ಇಲ್ದಿದ್ರೆ ನಾನು ಯಾರ್ ರೀ?" ಎನ್ನುತ್ತಿದ್ದಳು. ಹಾಗಾದರೆ ನಾನು ಯಾರು — ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಕೇಳಬೇಕಿತ್ತು. ಕೇಳದೆ ಒಳಗೇ ಇಟ್ಟುಕೊಂಡದ್ದು ಒಳಗೇ ಕೊಳೆಯಿತು.

ಉಪ್ಪಿನ ಬಯಲು ಸರೋಜಳ ಆಸೆ. ಗುಜರಾತಿನ ಕಛ್‌ನಲ್ಲಿ ಕಣ್ಣು ಹಾಯುವವರೆಗೆ ನೆಲವೆಲ್ಲ ಬೆಳ್ಳಗಿರುತ್ತದೆ ಎಂದು ಯಾವುದೋ ವಿಡಿಯೊ ನೋಡಿದ್ದಳು. ಗಾಡಿ ತಯಾರಾಗುವ ತನಕ ದಿನಕ್ಕೊಮ್ಮೆ ಅದನ್ನೇ ಹಾಕಿಕೊಂಡು ನೋಡುವಳು. ಎರಡು ಮಂಚ, ಗ್ಯಾಸ್ ಒಲೆ, ಚಾವಣಿಯ ಮೇಲೆ ನೀರಿನ ಟ್ಯಾಂಕು, ಹಿಂದೆ ಒಬ್ಬರು ನಿಲ್ಲುವಷ್ಟು ಬಚ್ಚಲು. ಆರ್‌ಟಿಓ ಆಫೀಸಿಗೆ ಅಲೆದು ಅಲೆದು ಕಾಗದಪತ್ರ ಸರಿ ಮಾಡಿಸಿದೆ. ಚಳಿಗಾಲ ಶುರುವಾಗುತ್ತಿದ್ದಂತೆ ಹೊರಟೆವು. ಹಿಂದಿನ ದಿನ ಭಾವ ಬಂದು ಒಂದು ಚೀಲ ತೆಂಗಿನಕಾಯಿ ಹಾಕಿಸಿ, ಗಾಡಿಯ ಒಳಗೆಲ್ಲ ನೋಡಿ, "ಚೆನ್ನಾಗೈತೆ ಭಾವನೋರೆ. ಹುಷಾರಾಗಿ ಕರ್ಕೊಂಡ್ ಹೋಗಿ" ಎಂದರು. ನಾನು ಅವರಿಗೂ ಭಾವ, ಅವರು ನನಗೂ ಭಾವ. ಅವರಿಗೆ ಸ್ವಲ್ಪ ಏದುಸಿರು ಬರುತ್ತಿತ್ತು. ಗಮನಿಸಿದೆ. ಸುಮ್ಮನಿದ್ದೆ.

ಕೋರ ದಾಟಿ ಹೆದ್ದಾರಿಯಲ್ಲಿ ಗಾಡಿ ಹಿಡಿತಕ್ಕೆ ಸಿಕ್ಕಾಗ ಸರೋಜ ಕಿಟಕಿಗೆ ತಲೆ ಆನಿಸಿ ಸಣ್ಣಗೆ ಏನೋ ಗುನುಗುತ್ತಿದ್ದಳು. ಅಷ್ಟು ವರ್ಷದಲ್ಲಿ ಅವಳು ಗುನುಗಿದ್ದನ್ನು ನಾನು ಕೇಳಿರಲೇ ಇಲ್ಲ.

ಪ್ರವಾಸ ಸುಲಭವಿತ್ತು ಎಂದರೆ ಸುಳ್ಳಾಗುತ್ತದೆ. ಲಾಡ್ಜಿನ ಖರ್ಚು ಉಳಿಯುತ್ತದೆ ಎಂದುಕೊಂಡಿದ್ದೆ, ಅದನ್ನೆಲ್ಲ ಡೀಸೆಲ್ಲೂ ಟೋಲೂ ನುಂಗಿದವು. ಕೊಲ್ಹಾಪುರದ ಹತ್ತಿರ ಟೈರು ಹೋಯಿತು. ಬಂಕಿನಲ್ಲಿ ನಿಲ್ಲಿಸಿ ಮಲಗೋಣವೆಂದರೆ ಕೆಲವರು ಓಡಿಸಿದರು, ಕೆಲವರು ನೀರು ಕೊಟ್ಟು ಚಹಾ ಕೊಟ್ಟರು. ಅವಳ ಮಂಡಿ ಊದಿಕೊಂಡಿತು. ರಾಗಿ ಹಿಟ್ಟು ಮುಗಿದ ದಿನ ಇಬ್ಬರಿಗೂ ಅಳು ಬರುವಂತಾಯಿತು, ಆಮೇಲೆ ಅದಕ್ಕೇ ನಕ್ಕೆವು. ಜಗಳವಾಡಿದೆವು, ರಾಜಿಯಾದೆವು. ನಾನೂ ಅವಳೂ ಮಾತ್ರ. ನಡುವೆ ಯಾರೂ ಇಲ್ಲ.

ಆ ಬಯಲು ತಲುಪಿದ್ದು ಒಂದು ಮಧ್ಯಾಹ್ನ. ಗಾಡಿ ನಿಲ್ಲಿಸುವುದೇ ತಡ, ಸೆರಗನ್ನು ತಲೆಗೆ ಸುತ್ತಿ ಇಳಿದು ಹೋದಳು. ನಾನು ಟೀಗೆ ಇಟ್ಟೆ. ಚಾರ್ಜಿಗೆ ಹಾಕಿದ್ದ ಅವಳ ಫೋನು ಹೊಡೆದುಕೊಂಡಿತು. 'ಅಣ್ಣ' ಎಂದಿತ್ತು.

"ಭಾವನೋರೆ, ಸರೋಜನ ಕೈಗೆ ಒಸಿ ಫೋನ್ ಕೊಡಿ. ಆಸ್ಪತ್ರೇಲಿದೀನಿ. ಉಸ್ರು ಕಟ್ತಾ ಇತ್ತು, ಅದುಕ್ಕೆ ತುಮಕೂರ್‌ಗೆ ಕರ್ಕೊಂಡ್ ಬಂದವ್ರೆ. ಅವಳತ್ರ ಒಂದ್ ಮಾತ್ ಹೇಳ್ಬೇಕಿತ್ತು."

ಹಿಂದಿನ ಸಲಗಳಂತೆ ಇದೂ ಬರೀ ಹೆದರಿಕೆ ಎಂದುಕೊಂಡೆ — ಹೀಗೆಂದು ನನಗೆ ನಾನೇ ಮೂರು ವರ್ಷ ಹೇಳಿಕೊಂಡು ಬಂದೆ. ಅದೂ ಸುಳ್ಳು. ಆ ದನಿ ಬೇರೆ ಇತ್ತು. ಮಾತಿನ ಮಧ್ಯೆ ಉಸಿರಿಗಾಗಿ ನಿಲ್ಲುತ್ತಿದ್ದರು. ನನಗೆ ಅರ್ಥವಾಯಿತು. ಅರ್ಥವಾಗಿಯೂ ಕಿಟಕಿಯಿಂದ ನೋಡಿದೆ. ಅವಳು ಬಗ್ಗಿ, ಒಂದು ಚಿಟಿಕೆ ಉಪ್ಪು ಎತ್ತಿ ನಾಲಗೆಗೆ ಹಚ್ಚಿಕೊಂಡು, ಒಬ್ಬಳೇ ನಗುತ್ತಿದ್ದಳು. ಈ ಫೋನು ಕೊಟ್ಟರೆ ಆ ನಗು ನಿಲ್ಲುತ್ತದೆ, ಮತ್ತೆ ಅರ್ಧ ದಾರಿ, ಮತ್ತೆ ಗುಬ್ಬಿ...

"ಮಲಗಿದ್ದಾಳೆ ಭಾವ."



"ಮಲ್ಗಿರ್ಲಿ ಬುಡಿ. ಎಬ್ಬಿಸ್ಬೇಡಿ. ಪಾಪ, ಸುಸ್ತಾಗಿರ್ತಾಳೆ. ಎದ್ಮೇಲೆ ಮಾಡ್ಸಿ."

ಕರೆ ಬಂದ ಗುರುತನ್ನು ಅಳಿಸಿದೆ. ಸಂಜೆ ಅವಳೇ "ಅಣ್ಣಂಗೆ ಒಂದ್ ಫೋನ್ ಮಾಡ್ತೀನಿ ರೀ, ಉಪ್ಪಿನ ವಿಷ್ಯ ಹೇಳ್ಬೇಕು" ಎಂದಳು. ಇಲ್ಲಿ ಸಿಗ್ನಲ್ ಇಲ್ಲ, ನಾಳೆ ಮಾಡು ಎಂದೆ. ಸಿಗ್ನಲ್ ಇರಲಿಲ್ಲ, ನಿಜ — ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿಟ್ಟವನು ನಾನೇ.

ಮರುದಿನ ನನ್ನ ಫೋನಿಗೆ ಭಾವನ ಹೆಂಡತಿಯ ಕರೆ ಬಂತು. ಸರೋಜಳಿಗೆ ಅತ್ತಿಗೆ, ನಾನು ಅಕ್ಕ ಎನ್ನುತ್ತೇನೆ. ಭಾವ ಬೆಳಿಗ್ಗೆಯೇ ಹೋಗಿಬಿಟ್ಟಿದ್ದರು.

ವಿಮಾನಕ್ಕೆ ಪ್ರಯತ್ನಿಸಿದೆವು, ಆ ದಿನದ್ದು ಹೊರಟುಹೋಗಿತ್ತು. ಗಾಡಿಯಲ್ಲೇ ಹೊರಟು, ನಿದ್ದೆಗೆಟ್ಟು ಓಡಿಸಿದೆ. ನಾವು ಗುಬ್ಬಿ ಸೇರುವ ಹೊತ್ತಿಗೆ ತೋಟದಲ್ಲಿ ಮಣ್ಣು ಮಾಡಿಯಾಗಿತ್ತು. ಹಸಿ ಮಣ್ಣಿನ ಮೇಲೆ ಹೂವು, ವಿಭೂತಿ. ಅಣ್ಣನ ಮುಖ ಅವಳಿಗೆ ಸಿಗಲಿಲ್ಲ.

ಅಲ್ಲಿ ಅಕ್ಕ ಅವಳನ್ನು ತಬ್ಬಿಕೊಂಡು ಹೇಳಿದರು: "ನಿಂಗೆ ಫೋನ್ ಮಾಡಿದ್ರಂತೆ ಕಣೇ. ನೀನು ಮಲ್ಗಿದ್ಯಂತೆ. ಎಬ್ಬಿಸ್ಬೇಡಿ ಅಂದೆ ಅಂತ ನನ್ನತ್ರ ಹೇಳಿದ್ರು."

ಸರೋಜ ನನ್ನ ಕಡೆ ತಿರುಗಿದಳು. "ಮಲ್ಗಿದ್ನೇನ್ರೀ ನಾನು?"

ನಿಜ ಹೇಳಲು ಅದೇ ಸಮಯವಾಗಿತ್ತು. ಸುತ್ತ ಅವಳ ಜನ ನಿಂತಿದ್ದರು. ನಾನು, "ನೀನು ನಡ್ದು ಬಂದು ಹಂಗೇ ಒರಗ್ಬಿಟ್ಟಿದ್ದೆ. ನಿಂಗೆ ಗಾಬರಿ ಆಗ್ಬಾರ್ದು ಅಂತ ಆಮೇಲೂ ಹೇಳ್ಲಿಲ್ಲ" ಎಂದೆ. ನಡೆದು ಬಂದ ಮೇಲೆ ಅವಳು ನಿಜವಾಗಿಯೂ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ್ದಳು. ಹಾಗಾಗಿ ನಂಬಿದಳು. ನನ್ನನ್ನು ಬೈಯಲಿಲ್ಲ. ತನ್ನ ನಿದ್ದೆಯನ್ನು ಬೈದುಕೊಂಡಳು.

ಆಮೇಲೆ ಊರಿನವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ — ಗಾಡಿ ಪ್ರವಾಸಕ್ಕೆ ಎಷ್ಟು ಖರ್ಚಾಯಿತು? ಡೀಸೆಲ್ಲು, ಟೋಲು, ಟೈರು ಎಂದು ಹೇಳಿ ಕಳಿಸುತ್ತಿದ್ದೆ. ಮನೆಯೊಳಗೆ ಸರೋಜ ಮಧ್ಯಾಹ್ನ ಬೆನ್ನು ಆನಿಸುವುದನ್ನೇ ಬಿಟ್ಟಿದ್ದಳು. ಊಟವಾದ ಮೇಲೆ ಕುರ್ಚಿಯ ಅಂಚಿನಲ್ಲಿ ಕೂತು, ಫೋನನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲು ನೋಡುವಳು. ನೋಡಿಯೂ ಸುಮ್ಮನಿದ್ದೆ. ಮಾಸುತ್ತದೆ ಎಂದುಕೊಂಡೆ. ಮೂರು ವರ್ಷವಾದರೂ ಮಾಸಲಿಲ್ಲ.

ಕಳೆದ ತಿಂಗಳು ಅವಳ ಪಿಂಚಣಿ ಕೆಲಸಕ್ಕೆ ಕುಣಿಗಲ್ಲಿಗೆ ಹೋಗಿದ್ದೆವು. ವಾಪಸ್ ಬರುವಾಗ ಬಸ್ಸು ಹೆಚ್ಚುಕಡಿಮೆ ಖಾಲಿ. ಆದರೂ ಅವಳು ಕಂಬಿ ಹಿಡಿದು ನಿಂತೇ ಇದ್ದಳು, ಆ ಮಂಡಿ ಇಟ್ಟುಕೊಂಡು.

"ಕೂತ್ಕೊ ಸರೋಜಾ, ಸೀಟಿದೆಯಲ್ಲ."

"ಬೇಡ ರೀ. ಕೂತ್ರೆ ತೂಕಡಿಕೆ ಬರುತ್ತೆ."

ಜೀವಮಾನವೆಲ್ಲ ಇದೇ ದಾರಿಯಲ್ಲಿ ಸೀಟಿಗಾಗಿ ಕಾದವಳು. ನನಗೆ ತಡೆಯಲಾಗಲಿಲ್ಲ. ಮನೆಗೆ ಬಂದು, ಅವಳು ಕೈಕಾಲು ತೊಳೆದುಕೊಂಡು ಬರುತ್ತಿದ್ದಂತೆ, ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಫೋನು, ಸುಳ್ಳು, ಅಳಿಸಿದ್ದು, ಸಿಗ್ನಲ್ಲು. ಹೇಳುತ್ತಾ ಹೇಳುತ್ತಾ ದನಿ ಏರಿತು. ಊಟಿಯಿಂದ ಹಿಡಿದು ಹಂಪಿಯವರೆಗೆ ಎಲ್ಲ ಎತ್ತಿ ಆಡಿದೆ. ಒಂದು ಪ್ರವಾಸ, ಒಂದೇ ಒಂದು, ನನಗೆ ಪೂರ್ತಿ ಬೇಕಿತ್ತು ಎಂದೆ. ಇವತ್ತಿಗೂ ಆ ಆಸೆ ತಪ್ಪೆಂದು ಒಪ್ಪಲಾರೆ ಎಂದೆ.

ಅವಳು ಕೇಳಿಸಿಕೊಂಡಳು. "ಹಂಗಾದ್ರೆ ನಾನು ಎಚ್ಚರಾನೇ ಇದ್ದೆ" ಎಂದಳು ಮೊದಲು, ಯಾರಿಗೂ ಅಲ್ಲದ ಹಾಗೆ. ಆಮೇಲೆ ನನ್ನನ್ನು ನೋಡಿದಳು.

"ವಾಪಸ್ ಹೋಗೋಣ ಅಂತೀನಿ ಅಂದ್ಕೊಂಡ್ರಿ. ಅಣ್ಣನ ಹತ್ರ ಮಾತಾಡಿ, ಅವ್ನು 'ಇದ್ದು ನೋಡ್ಕೊಂಡ್ ಬಾ' ಅಂದಿದ್ರೆ ನಾನು ಇರ್ತಿದ್ನೋ ಏನೋ. ನಂಗೂ ಆ ಬಯ್ಲು ಬೇಕಿತ್ತು ಕಣ್ರೀ. ಅವತ್ತೂ ನನ್ನ ಕೇಳ್ಲಿಲ್ಲ ನೀವು. ಅದುಕ್ ಮುಂಚೆ ಅಷ್ಟು ವರ್ಷದಲ್ಲೂ ಕೇಳ್ಲಿಲ್ಲ."

ಕೈಯಲ್ಲಿದ್ದ ಟವೆಲನ್ನು ಕುರ್ಚಿಯ ಮೇಲೆ ಹಾಕಿದಳು.

"ಅತ್ತಿಗೆಗೂ ನೀವೇ ಹೇಳಿ. ನನ್ನ ಬಾಯಲ್ಲಿ ಹೇಳಿಸ್ಬೇಡಿ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಾರನೆಯ ದಿನ ಗುಬ್ಬಿಗೆ ಹೋದೆವು. ದಾರಿಯಲ್ಲಿ ಅವಳು ಬೇರೆ ಸೀಟಿನಲ್ಲಿ ಕೂತಳು. ಅಕ್ಕ ನಡುಮನೆಯಲ್ಲಿ ಮೊರ ಹಿಡಿದು ಅವರೆಕಾಳು ಆರಿಸುತ್ತಿದ್ದರು. ನಿಂತೇ ಹೇಳಿದೆ. ಈ ಸಲ ಊಟಿಯನ್ನು ಎತ್ತಲಿಲ್ಲ, ಹಂಪಿಯನ್ನೂ ಎತ್ತಲಿಲ್ಲ. ಬೈಗುಳಕ್ಕೆ ಸಿದ್ಧನಾಗಿದ್ದೆ, ಎದುರು ಮಾತಾಡುವುದಕ್ಕೂ ಸಿದ್ಧನಾಗಿದ್ದೆ. ಅವರು ಮೊರ ಪಕ್ಕಕ್ಕಿಟ್ಟರು.

"ಏನ್ ಹೇಳ್ಬೇಕು ಅಂತಿದ್ರು ಅಂತ ನಾನೂ ಕೇಳ್ದೆ ಕಣಪ್ಪ. ಸರೋಜಂಗೇ ಹೇಳ್ತೀನಿ ಬುಡು ಅಂದ್ರು. ಅವಳು ಎದ್ದು ಮಾಡ್ತಾಳೆ ಅಂತ ಫೋನ್‌ನ ದಿಂಬಿನ ಪಕ್ಕದಲ್ಲೇ ಇಟ್ಕೊಂಡಿದ್ರು."

ಸರೋಜ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಅವಳ ಭುಜ ಅಲುಗುತ್ತಿತ್ತು. ಹತ್ತಿರ ಹೋಗಲು ಒಂದು ಹೆಜ್ಜೆ ಇಟ್ಟೆ. ಅಕ್ಕ ಕೈಯೆತ್ತಿ ಬೇಡ ಎಂದರು. ನಾನು ಒಬ್ಬನೇ ತುಮಕೂರಿಗೆ ವಾಪಸ್ ಬಂದೆ.

ಸರೋಜ ಇನ್ನೂ ಗುಬ್ಬಿಯಲ್ಲೇ ಇದ್ದಾಳೆ. ಬರುತ್ತಾಳೋ ಇಲ್ಲವೋ ಗೊತ್ತಿಲ್ಲ. ಫೋನು ಮಾಡಿ ಕರೆಯುವುದಿಲ್ಲ. ಹಾಗೆ ಕರೆದು ಕರೆದೇ ಅವಳನ್ನು ಅರ್ಧ ದಾರಿಯಿಂದ ಎಳೆಯುತ್ತಾರೆಂದು ಬೇರೊಬ್ಬರ ಮೇಲೆ ಅಷ್ಟು ವರ್ಷ ಹಲ್ಲು ಕಡಿದವನು ನಾನು. ಕೇಳಿದವರಿಗೆಲ್ಲ ನಡೆದದ್ದನ್ನೇ ಹೇಳುತ್ತಿದ್ದೇನೆ. ಹೆಂಡತಿ ಎಲ್ಲಿ ಎಂದ ನೆರೆಯವರಿಗೂ, ಮಗಳಿಗೂ. ಮಗಳು ಈಗ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. ಬಿಡಲಿ.

ಭಾವ ಹೇಳಬೇಕೆಂದಿದ್ದ ಆ ಮಾತು ಯಾವುದಿರಬಹುದು ಎಂದು ಮನಸ್ಸು ಆಗಾಗ ಹುಡುಕಲು ಹೊರಡುತ್ತದೆ. ಬಹುಶಃ ಏನೂ ಇರಲಿಲ್ಲ, ಸುಮ್ಮನೆ ದನಿ ಕೇಳಬೇಕಿತ್ತು; ಬಹುಶಃ ಗಾಡಿ ಪ್ರವಾಸ ಹೇಗಿದೆ ಎಂದು... ಅಲ್ಲಿಗೇ ನಿಲ್ಲಿಸಿಬಿಡುತ್ತೇನೆ. ಮುಂದುವರಿದರೆ ನನಗೆ ಹಿತವಾಗುವ ಮಾತನ್ನೇ ಅವರ ಬಾಯಲ್ಲಿಟ್ಟು ಹಗುರವಾಗಿಬಿಡುತ್ತೇನೆ. ಆ ಮಾತು ಸರೋಜಳದು. ಅದನ್ನು ಊಹಿಸುವ ಹಕ್ಕೂ ನನಗಿಲ್ಲ.