ಕಾಲು ಗಟ್ಟಿಯಿದ್ದ ಕುರ್ಚಿ

ನಮ್ಮ ನಡುಮನೆಯ ಕಿಟಕಿಯ ಪಕ್ಕದಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಕುರ್ಚಿ ಇದೆ. ಮದುವೆ ಛತ್ರಗಳಲ್ಲಿ ಒಂದರ ಮೇಲೊಂದು ಪೇರಿಸಿಟ್ಟಿರುತ್ತಾರಲ್ಲ, ಆ ಕುಲದ್ದು. ಬೆನ್ನಿಗೆ ಜಾಲರಿ, ಕೈಗಳ ಮೇಲೆ ಬಿಸಿಲಿಗೆ ಬಿಳಿಚಿದ ಗೆರೆ, ಹೇಳಿಕೊಳ್ಳುವಂಥ ಗುಣವಾಗಲಿ ದೋಷವಾಗಲಿ ಏನೂ ಇಲ್ಲ. ಆದರೂ ಹೋದ ಮಳೆಗಾಲದ ಹೊತ್ತಿಗೆ ಅದಕ್ಕೊಂದು ಅಪಕೀರ್ತಿ ಅಂಟಿಕೊಂಡಿತು: ಅದರ ಕಾಲು ಸಡಿಲವಂತೆ. (ಮಳೆಗಾಲವೋ ಅದಕ್ಕೂ ಮೊದಲೋ, ಆಣೆ ಮಾಡಿ ಹೇಳಲಾರೆ, ನನ್ನ ನೆನಪಿನ ಮೇಲೆ ನನಗೆ ಅಷ್ಟು ವಿಶ್ವಾಸವಿಲ್ಲ, ಯಾಕೆಂಬುದು ಮುಂದೆ ನಿಮಗೇ ಗೊತ್ತಾಗುತ್ತದೆ.) ಹಾಗೆಂದು ಸಾರಿದವರು ನನ್ನ ಮಾವ. ಸಂಜೆ ಯಾರಾದರೂ ಅದರತ್ತ ಹೆಜ್ಜೆಯಿಟ್ಟರೆ ಸಾಕು, "ಆ ಚೇರ್ ಬೇಡ, ಕಾಲು ಅಲ್ಲಾಡ್ತದೆ, ಬಿದ್ದೀರಾ" ಎನ್ನುವರು. ನನ್ನ ಗಂಡ ಅದನ್ನು ತಲೆಕೆಳಗು ಮಾಡಿ ನಾಲ್ಕೂ ಕಾಲು ಅಲ್ಲಾಡಿಸಿ ನೋಡಿ, ಏನೂ ಸಿಗದೆ, ತಮ್ಮ ಸಮಾಧಾನಕ್ಕೆ ಒಂದು ಸುತ್ತು ತಂತಿ ಬಿಗಿದರು. ನನ್ನ ಅತ್ತೆ ಗೌರಮ್ಮನವರಾದರೋ ಮನೆಯ ಯಾವ ವಸ್ತುವನ್ನೂ ವ್ಯರ್ಥವಾಗಲು ಬಿಡುವವರಲ್ಲ. ತಮಗೆ ಹಿಡಿಸದ ನೆಂಟರು ಹಗಲು ಹೊತ್ತಿನಲ್ಲಿ ಬಂದರೆ "ಬನ್ನಿ, ಇಲ್ಲೇ ಆರಾಮಾಗಿ ಕೂತ್ಕಳಿ" ಎಂದು ಅದೇ ಕುರ್ಚಿಯನ್ನು ಮುಂದಕ್ಕೆಳೆಯುತ್ತಿದ್ದರು. ನೆಂಟರು ಬೀಳಲಿಲ್ಲ, ಅತ್ತೆ ಆಸೆ ಬಿಡಲಿಲ್ಲ.

ಮಾವನ ಪರಿಚಯ ಮಾಡಿಕೊಡದೆ ಕುರ್ಚಿಯ ಕತೆ ಮುಂದೆ ಸಾಗದು. ಮುನಿಶಾಮಪ್ಪ ಎಂದು ಹೆಸರು. ಹುಟ್ಟಿದ್ದು ಕ್ಯಾಸಂಬಳ್ಳಿ ಕಡೆಯ ಹಳ್ಳಿಯಲ್ಲಿ, ದುಡಿದದ್ದು ಉರಿಗಾಂನ ಚಿನ್ನದ ಗಣಿಯಲ್ಲಿ, ನೆಲದ ಕೆಳಗೆ. ಗಣಿಯ ಕತ್ತಲೆಯಲ್ಲಿ ಇರುವಷ್ಟು ಕಾಲ ನೆಟ್ಟಗಿದ್ದ ಕಣ್ಣು, ಮೇಲೆ ಬಂದು ಬೆಳಕಿನಲ್ಲಿ ಹಾಯಾಗಿ ಕೂತ ಮೇಲೆ ಕೆಟ್ಟಿತು. ಇದನ್ನವರು ಕೋರ್ಟಿನ ದಾವೆಯಂತೆ ಎಲ್ಲರ ಮುಂದೂ ಹೂಡುತ್ತಾರೆ, ಪ್ರತಿವಾದಿ ಯಾರೆಂದು ಮಾತ್ರ ಹೇಳುವುದಿಲ್ಲ. ಕಣ್ಣೊಳಗಿನ ಪರದೆ ನಡುವಿನಲ್ಲಿ ಸವೆದು ಅಂಚಿನಲ್ಲಷ್ಟೇ ಉಳಿದಿದೆ. ನೇರ ನೋಡಿದರೆ ಎದುರಿನವರ ಮುಖವಿರಬೇಕಾದ ಕಡೆ ಒಂದು ಬೂದು ಮುದ್ದೆ. ಓರೆಗಣ್ಣಿಗೆ ಮಾತ್ರ ಗೋಡೆ, ಬಾಗಿಲು, ರಸ್ತೆಯ ಅಂಚು ಎಲ್ಲವೂ ಸಿಗುತ್ತವೆ. ಹಾಗಾಗಿ ಅವರು ಯಾರನ್ನಾದರೂ ಮರ್ಯಾದೆಯಿಂದ ನೋಡಬೇಕೆಂದರೆ ಬೇರೆ ಕಡೆ ತಿರುಗಬೇಕು. ಹೊಸಬರು ಇದನ್ನು ಸೊಕ್ಕು ಎಂದುಕೊಳ್ಳುತ್ತಾರೆ, ಹೊಸ ಹೆಂಗಸರು ಇನ್ನೇನೋ ಎಂದುಕೊಳ್ಳುತ್ತಾರೆ.

ಇಷ್ಟಾದರೂ ಅವರು ಬಿಟ್ಟುಕೊಡದ ಒಂದು ಸಂಗತಿಯಿತ್ತು. ದಿನಾ ಬೆಳಿಗ್ಗೆ ನಮ್ಮ ಸಾಲಿನ ಕೊನೆಯ ರಸ್ತೆ ದಾಟಿ ಟೀ ಅಂಗಡಿಗೆ ಒಬ್ಬರೇ ಹೋಗುವುದು. ಅಲ್ಲಿ ಅವರ ಹಳೆಯ ಜೊತೆಗಾರರು ಬೆಂಚಿನ ಮೇಲೆ ಕೂತಿರುತ್ತಾರೆ; ಕನ್ನಡದಲ್ಲಿ ಹೊರಟ ಮಾತು ತಮಿಳಿನಲ್ಲಿ ಹೊರಳಿ ತೆಲುಗಿನಲ್ಲಿ ಜಗಳವಾಗಿ ಟೀ ಬಂದೊಡನೆ ತಣ್ಣಗಾಗುತ್ತದೆ. ಕೋಲು ಬೇಡ, ಯಾರ ಕೈಯೂ ಬೇಡ. ಆ ನಡಿಗೆಯೊಂದು ಇರುವವರೆಗೆ ತಾನು ಯಾರ ಕೈಕೆಳಗೂ ಇಲ್ಲ ಎಂಬುದು ಅವರ ಲೆಕ್ಕಾಚಾರ.

ಇನ್ನು ನಾನು. ಬಂಗಾರಪೇಟೆಯ ಒಂದು ಆಸ್ಪತ್ರೆಯಲ್ಲಿ ನರ್ಸು. ನರಗಳೂ ಇಂದ್ರಿಯಗಳೂ ಕೈಕೊಟ್ಟ ದೊಡ್ಡವರ ವಾರ್ಡು ನನ್ನದು. ಯೂನಿವರ್ಸಿಟಿಯ ಪರೀಕ್ಷೆಗೆ ಉರು ಹೊಡೆದ ಪಾಠಗಳು ಅಲ್ಲಿ ಹಾಸಿಗೆಯ ಮೇಲೆ ಮಲಗಿ ನನ್ನನ್ನೇ ಬೈಯುತ್ತವೆ. ಪಾರ್ಶ್ವವಾಯು ಹೊಡೆದು ಎಡಗಡೆಯ ಲೋಕವೇ ಅಳಿಸಿಹೋಗಿದ್ದ ಒಬ್ಬ ಅಜ್ಜಿ, ತಟ್ಟೆಯ ಬಲಭಾಗದ ಅನ್ನವನ್ನಷ್ಟೇ ತಿಂದು, "ಏನ್ ನರ್ಸಮ್ಮಾ, ಅರ್ಧ ತಟ್ಟೆ ನಂಗಿಕ್ಕಿ ಮಿಕ್ಕಿದ್ದು ನೀನ್ ತಿಂತೀಯಾ?" ಎನ್ನುತ್ತಿದ್ದಳು. ನಾನು ಸುಮ್ಮನೆ ತಟ್ಟೆಯನ್ನು ತಿರುಗಿಸಿಡುತ್ತಿದ್ದೆ. "ನೋಡಿದ್ಯಾ, ಬೈದ್ರೆ ಇಕ್ತಾಳೆ" ಎಂದು ಪಕ್ಕದ ಹಾಸಿಗೆಯವಳಿಗೆ ಬುದ್ಧಿ ಹೇಳಿ ಅಜ್ಜಿ ಉಳಿದರ್ಧವನ್ನೂ ಮುಗಿಸುತ್ತಿದ್ದಳು. ಇಂಥ ಪ್ರಸಂಗಗಳನ್ನು ಡೈರಿಯಲ್ಲಿ ಬರೆದಿಡುವ ಚಟವೂ ನನಗಿದೆ. ಈ ಚಟಕ್ಕೂ ಆಸ್ಪತ್ರೆಯ ಕೇಸ್‌ಶೀಟಿಗೂ ವ್ಯತ್ಯಾಸವಿದೆಯೆಂದು ಮಾವ ಈವರೆಗೆ ಒಪ್ಪಿಲ್ಲ.

ಒಂದು ಸಂಜೆ ಮಾರಿಕುಪ್ಪಂ ರೈಲಿನಲ್ಲಿ ನಿಂತೇ ಬಂದವಳು, ಕಾಲುಗಳೆರಡೂ ಯಾರದೋ ಎಂಬಂತಾಗಿ, ಎದುರಿಗೆ ಸಿಕ್ಕ ನೀಲಿ ಕುರ್ಚಿಯಲ್ಲಿ ಧೊಪ್ಪನೆ ಕೂತುಬಿಟ್ಟೆ. ಮಂಚದ ಮೇಲಿದ್ದ ಮಾವ ಎರಡೂ ಕೈ ಚಾಚಿ ಕೂಗಿದರು:

"ಅಯ್ಯಯ್ಯೋ, ಮಗು! ಮಗು ಮೇಲೆ ಕೂತ್ಕಂಬಿಟ್ಟೆ ಕಣಮ್ಮಾ!"

ನಾನು ಎದ್ದು ನೋಡಿದೆ. ಎಷ್ಟು ಓದಿದವಳಾದರೂ ಅಂಥ ಹೊತ್ತಿನಲ್ಲಿ ಎದ್ದು ನೋಡಿಯೇ ನೋಡುತ್ತಾಳೆ, ನಗಬೇಡಿ.

ಕುರ್ಚಿ ಖಾಲಿಯಿತ್ತು. ಮಾವನ ಮುಖ ಮಾತ್ರ, ಬಾಯಿಂದ ಜಾರಿದ ಮಾತನ್ನು ಹುಡುಕಿ ವಾಪಸು ನುಂಗಲು ಹೊರಟವರಂತೆ ಇತ್ತು. "ಯಾವ ಮಗು, ಮಾವ?" ಎಂದೆ. "ಯಾವ್ದೂ ಇಲ್ಲ. ಕಾಲು ಸಡಿಲ" ಎಂದರು. ನಾನು ಹೋಗಿ ಮಂಚದ ಅಂಚಿನಲ್ಲಿ ಕೂತೆ. ಮಾವ ಕಿಟಕಿಯ ಕಡೆ ತಿರುಗಿ, ಎಂದರೆ ನನ್ನನ್ನೇ ನೋಡುತ್ತಾ, ಮೆಲ್ಲಗೆ ಹೇಳಿದರು. ಹೊತ್ತು ಮುಳುಗುವ ವೇಳೆಗೆ ಹಸಿರು ಸೀರೆಯ ಹೆಂಗಸೊಬ್ಬಳು ಬಂದು ಆ ಕುರ್ಚಿಯಲ್ಲಿ ಕೂರುತ್ತಾಳೆ. ಮಡಿಲಲ್ಲೊಂದು ಮಗು. ಮಾತಿಲ್ಲ, ಕತೆಯಿಲ್ಲ.

"ಸೀರೆ ಅಂಚಿನ ಒಂದೊಂದ್ ಎಳೇನೂ ಕಾಣ್ತದೆ ತಾಯಿ. ನಿನ್ ಮಕ ಕಾಣಲ್ಲ ನಂಗೆ, ಅವಳ್ದು ಕಾಣ್ತದೆ."

"ಯಾರು ಅವರು?"

"ನಾನೇನ್ ಕೇಳಿದ್ನಾ? ಮನೆಗ್ ಬಂದೋರ್ನ ನೀನ್ಯಾರು ಅಂತ ಕೇಳ್ತಾರಾ?" ಎಂದು ನನ್ನ ಸಂಸ್ಕಾರಕ್ಕೆ ಒಂದು ಪೆಟ್ಟು ಕೊಟ್ಟು, ಆಮೇಲೆ ದನಿ ತಗ್ಗಿಸಿದರು. "ಇದ್ನ ಬರ್ಕಬೇಡ. ಗೌರಂಗೂ ಯೋಳ್ಬೇಡ. ತಲೆ ಕೆಟ್ಟದೆ ಅಂತ ಬಾಗ್ಲಾಕ್ಬಿಡ್ತಾಳೆ. ಟೀ ಅಂಗ್ಡಿ ನಿಂತೋಯ್ತದೆ."

ಗೌರಮ್ಮನವರು ಮೊರ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು. ಈಗ ಕಿರುಚುತ್ತಾರೆ, ಇಲ್ಲವೇ ಅಳುತ್ತಾರೆ ಎಂದುಕೊಂಡೆ. ಅತ್ತೆ ಎರಡೂ ಮಾಡಲಿಲ್ಲ.

"ವಯಸ್ಸೆಷ್ಟು?" ಎಂದರು.

"ಯಾರ್ದು?"

"ಅವಳ್ದು ಕಣಯ್ಯಾ, ಅಸ್ರು ಸೀರೆಯೋಳ್ದು. ನೋಡಾಕೆ ಎಂಗವ್ಳೆ?"

ಇಷ್ಟು ವರ್ಷ ಸಂಸಾರ ಮಾಡಿದ ಗಂಡಸು ಇಂಥ ಪ್ರಶ್ನೆಗೆ ಏನು ಹೇಳಬಾರದೆಂದು ಕಲಿತಿರಬೇಕಾಗಿತ್ತು. ಮಾವ ಸತ್ಯವಂತರು. "ಲಕ್ಷಣವಾಗವ್ಳೆ" ಎಂದರು.

ಅಂದು ರಾಗಿ ಮುದ್ದೆ ತಟ್ಟೆಗೆ ಬಿದ್ದ ಸದ್ದಿನಲ್ಲಿ ಒಂದು ತೀರ್ಪಿತ್ತು. ಆದರೆ ಹೊಟ್ಟೆಕಿಚ್ಚು ಇಳಿದ ಮೇಲೆ ಭಯ ಮೇಲೆದ್ದಿತು. ಕ್ಯಾಸಂಬಳ್ಳಿ ಕಡೆ ತಾಯಿತ ಕಟ್ಟುವವನೊಬ್ಬನಿದ್ದಾನೆಂದು ಅತ್ತೆಗೆ ನೆನಪಾಯಿತು. ಅದಕ್ಕಿಂತ ಮೊದಲು, "ಇನ್ಮೇಲೆ ಈಯಪ್ಪ ಒಬ್ನೇ ಆಚೆ ಓಗಂಗಿಲ್ಲ" ಎಂದು ಅಪ್ಪಣೆಯಾಯಿತು. ನಾನು ಎದುರಾಡಬಹುದಿತ್ತು. ಆದರೆ ಹೀಗೆ ಕಾಣುವುದಕ್ಕೆ ಕಾರಣ ಹಲವು. ಮಾತ್ರೆಯಿಂದಲೂ ಬರಬಹುದು, ಒಳಗಿನ ಸೋಂಕಿನಿಂದಲೂ ಬರಬಹುದು, ಬುದ್ಧಿ ಮಸುಳುವ ಕಾಯಿಲೆಯ ಮೊದಲ ಹೆಜ್ಜೆಯೂ ಇರಬಹುದು. ಅಲ್ಲದೆ, ಇಲ್ಲದವರನ್ನು ಕಾಣುವ ಕಣ್ಣು ಇರುವ ಆಟೋವನ್ನು ಕಾಣದೆ ಹೋದರೆ? ಡಾಕ್ಟರಿಗೆ ತೋರಿಸುವವರೆಗೆ ಬೇಡ ಮಾವ, ಎಂದೆ. ಅವರು ನೇರವಾಗಿ ನನ್ನ ಮುಖವನ್ನೇ ನೋಡಿದರು. ಎಂದರೆ ನನ್ನನ್ನು ನೋಡಲಿಲ್ಲ.

ಬಾಗಿಲು ಹಾಕಿದ್ದು ಮಾವನಿಗೆ, ಅತಿಥಿಗಳಿಗಲ್ಲ. ಕೆಲಸವಿಲ್ಲದೆ, ಮಾತಿಲ್ಲದೆ, ಅರೆಗತ್ತಲ ನಡುಮನೆಯಲ್ಲಿ ಕೂತ ಮೇಲೆ ಬರುವವರು ಹೆಚ್ಚಿದರು. ಟೋಪಿ ಹಾಕಿದ ಕುಳ್ಳ ಗಂಡಸರು ಸಾಲಾಗಿ ಬಂದರು. ಗೋಡೆಯ ತುಂಬ ಹೂಬಳ್ಳಿ ಹಬ್ಬಿತು. ಹೇಗೂ ಗುಟ್ಟು ರಟ್ಟಾಗಿದ್ದರಿಂದ ಮಾವ ಈಗ ರಾಜಾರೋಷವಾಗಿ ವರದಿ ಕೊಡುತ್ತಿದ್ದರು. "ಇಷ್ಟ್ ಜನಕ್ಕೆ ಅಡಿಗೆ ಯಾರ್ ಮಾಡೋರು? ಬರೋರ್ಗೂ ಒಂದ್ ಒತ್ತು ಗೊತ್ತು ಬೇಡ್ವಾ?" ಎಂದು ಅತ್ತೆ ಗೊಣಗುವರು. ಅವರ ಕಣ್ಣಿನಲ್ಲಿ ಮಾತ್ರ ನಗುವಿರಲಿಲ್ಲ.

ಆಂಡರ್ಸನ್‌ಪೇಟೆಯ ಕಣ್ಣಿನ ಡಾಕ್ಟರು ನೋಡಿದರು, ನಮ್ಮ ಆಸ್ಪತ್ರೆಯಲ್ಲಿ ರಕ್ತ, ಮೂತ್ರ, ಮಾತ್ರೆ ಎಲ್ಲದರ ವಿಚಾರಣೆಯಾಯಿತು. ಬುದ್ಧಿ ನೆಟ್ಟಗಿದೆ, ಇದು ಕಣ್ಣಿನ ಕಾರಭಾರ, ಎಂದರು. ಅದಕ್ಕೊಂದು ಉದ್ದದ ಹೆಸರೂ ಇದೆ. ಮನೆಯಲ್ಲಿ ಅದನ್ನು ಹೇಳಿ ಹೊಸ ನೆಂಟನೊಬ್ಬನನ್ನು ಸೇರಿಸುವುದು ಬೇಡವೆಂದು ಬಿಟ್ಟೆ. ಅತ್ತೆಗೆ ಹೀಗೆ ಹೇಳಿದೆ: "ಗಣಿ ಕಂಪನಿಯವರು ಖಾಲಿ ಮಾಡಿ ಹೋದ ಕ್ವಾರ್ಟರ್ಸು ಎಷ್ಟು ದಿನ ಖಾಲಿ ಇತ್ತು ಅತ್ತೆ? ಯಾರೋ ಬಂದು ಸೇರಿಕೊಳ್ಳಲಿಲ್ಲವೇ? ತಲೆಯೊಳಗೆ ನೋಡುವುದಕ್ಕೆಂದು ಒಂದು ಮನೆಯಿರುತ್ತದೆ. ಕಣ್ಣಿನಿಂದ ಅಲ್ಲಿಗೆ ಏನೂ ಬರದಿದ್ದರೆ ಇಂಥವರು ಸೇರಿಕೊಳ್ಳುತ್ತಾರೆ. ಅವರು ಬೈಯುವುದಿಲ್ಲ, ಮುಟ್ಟುವುದಿಲ್ಲ."

"ಬಾಡ್ಗೆ ಕೊಡ್ತಾರಾ?" ಎಂದರು ಅತ್ತೆ. ಆಗ ನನಗೆ ಧೈರ್ಯ ಬಂತು.

ಮಾವನಿಗೆ ಉಪಾಯ ಹೇಳಿಕೊಟ್ಟೆ. ಸಂಜೆಯಾಗುವ ಮೊದಲೇ ದೀಪ ಹಾಕುವುದು. ಯಾರಾದರೂ ಬಂದರೆ ಗಟ್ಟಿಯಾಗಿ ಕಣ್ಣು ಮಿಟುಕಿಸಿ ದೃಷ್ಟಿಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿಸುವುದು. ಸಾಧಾರಣವಾಗಿ ಇಲ್ಲದವರು ಹೋಗುತ್ತಾರೆ, ಇರುವವರು ಉಳಿಯುತ್ತಾರೆ. ಹೋಗಿಯೇ ಹೋಗುತ್ತಾರೆಂಬ ಭರವಸೆಯಿಲ್ಲ, ಆದ್ದರಿಂದ ಉಳಿದದ್ದನ್ನೆಲ್ಲ ನಿಜವೆಂದೇ ತಿಳಿದು ನಿಲ್ಲಬೇಕು. ಮಾವ ಗಮನವಿಟ್ಟು ಕೇಳಿ, ಹಗುರವಾದವರಂತೆ ಉಸಿರು ಬಿಟ್ಟರು. "ಗಣಿ ಕೆಳಗೆ ದೀಪ ಕೆಟ್ರೂ ಇಂಗೇ ಕಣಮ್ಮ. ಕತ್ಲೇಲಿ ಕೂತ್ರೆ ಏನೇನೋ ಬತ್ತದೆ. ಒಸಬ್ರು ಎದ್ರುಕೊಂಡು ಕೂಗೋರು. ಕಣ್ಗೆ ಕೆಲ್ಸ ಇಲ್ದಿದ್ರೆ ಸುಮ್ನಿರಲ್ಲ ಅದು."

ಈ ಮಾತನ್ನು ಅವರು ಇಷ್ಟು ಚೆಂದವಾಗಿ ಹೇಳಿದರೋ ಅಥವಾ ಬರೆಯುವಾಗ ನಾನೇ ನೇರ್ಪು ಮಾಡಿದೆನೋ ಎಂಬ ಅನುಮಾನ ನನಗೀಗ ಬಂದಿದೆ. ಅದಕ್ಕೆ ಕಾರಣವೂ ಇದೆ. ನಾನು ಮದುವೆಯಾಗಿ ಈ ಮನೆಗೆ ಬಂದ ದಿನದ ಒಂದು ಚಿತ್ರ ನನ್ನಲ್ಲಿದೆ: ಮಾವ ಪಾಳಿ ಮುಗಿಸಿ ತಲೆಗೆ ದೀಪದ ಟೋಪಿ ಹಾಕಿಕೊಂಡು ಓಣಿಯಲ್ಲಿ ನಡೆದು ಬರುತ್ತಿದ್ದಾರೆ, ಬೂಟಿಗೆ ಕೆಸರು, ಹುಬ್ಬಿನ ಮೇಲೆ ಬಿಳಿಯ ಧೂಳು. ಇದನ್ನು ಎಷ್ಟೋ ಜನಕ್ಕೆ ಹೇಳಿದ್ದೇನೆ, ಸೊಗಸಾಗಿ ಬರೆದೂ ಇದ್ದೇನೆ. ಒಂದು ದಿನ ಗಂಡ ನಕ್ಕರು. ನಾನು ಬರುವ ಹೊತ್ತಿಗೆ ಗಣಿ ಮುಚ್ಚಿಹೋಗಿತ್ತಲ್ಲ. ಅಂದು ಮಾವ ಬಿಳಿ ಪಂಚೆಯುಟ್ಟು ಬಾಳೆಎಲೆ ತೊಳೆಯುತ್ತಿದ್ದರಂತೆ. ಯಾರದೋ ಮಾತು, ಯಾವುದೋ ಫೋಟೋ ಸೇರಿ ನನ್ನ ಖಾಲಿ ಕ್ವಾರ್ಟರ್ಸಿಗೂ ಒಬ್ಬ ಬಾಡಿಗೆದಾರ ಬಂದಿದ್ದಾನೆ. ಸುಳ್ಳೆಂದು ತಿಳಿದ ಮೇಲೂ ಆ ಧೂಳು ಕಾಣುತ್ತದೆ. ನಿಜವಾದ ಪಂಚೆ ಕಾಣುವುದಿಲ್ಲ. ಮಾವನ ಅತಿಥಿಗಳಾದರೂ ಕಣ್ಣು ಮಿಟುಕಿಸಿದರೆ ಎದ್ದು ಹೋಗುವಷ್ಟು ಮರ್ಯಾದಸ್ಥರು. ನನ್ನವರು ಡೈರಿಯಲ್ಲಿ ಕಾಯಂ ಆಗಿ ಕೂತಿದ್ದಾರೆ. ಹಾಗಿದ್ದೂ ನನ್ನನ್ನು ಯಾರೂ ಮನೆಯೊಳಗೆ ಕೂಡಿಹಾಕಿಲ್ಲ. ಒಬ್ಬಳೇ ರೈಲು ಹತ್ತಲು ಬಿಟ್ಟಿದ್ದಾರೆ.

ಇದನ್ನೇ ಅತ್ತೆಯ ಮುಂದೆ ವಾದವಾಗಿ ಇಟ್ಟೆ. ಕೊನೆಗೆ ಒಂದು ಒಪ್ಪಂದವಾಯಿತು: ನನ್ನ ರಜೆಯ ದಿನ ಮಾವ ಟೀ ಅಂಗಡಿಗೆ ಹೋಗಲಿ, ನಾನು ಗೊತ್ತಾಗದ ಹಾಗೆ ಹಿಂದೆ ಹೋಗಬೇಕು, ರಸ್ತೆ ದಾಟುವುದು ಸರಿಬಂದರೆ ಮಾತ್ರ ನಡಿಗೆ ಉಳಿಯುತ್ತದೆ. ಕಣ್ಣು ಕಾಣದವರನ್ನು ಕದ್ದು ಹಿಂಬಾಲಿಸುವುದೇನು ಮಹಾ ಎಂದುಕೊಂಡಿದ್ದೆ. ಮೊದಲ ತಿರುವಿನಲ್ಲೇ ಮಾವ ಹಿಂತಿರುಗದೆ ಹೇಳಿದರು: "ಚಪ್ಲಿ ಸದ್ದು ಬತ್ತಾ ಅದೆ. ನೋಡೋದಿದ್ರೆ ನೋಡು, ಕೈ ಮಾತ್ರ ಇಡೀಬೇಡ."

ಓಣಿಯಲ್ಲಿ ಒಂದು ಕಡೆ ಗೋಡೆಗೆ ಸರಿದು ನಿಂತು ಯಾರಿಗೋ ದಾರಿ ಬಿಟ್ಟರು. ಅಲ್ಲಿ ಯಾರೂ ಇರಲಿಲ್ಲ. ರಸ್ತೆಯಂಚಿಗೆ ಬಂದು ನಿಂತರು. ಕಣ್ಣು ಮಿಟುಕಿಸಿದರು, ಎಡಕ್ಕೆ ಹೊರಳಿಸಿದರು, ಬಲಕ್ಕೆ ಹೊರಳಿಸಿದರು. ದೂರದಿಂದ ಒಂದು ಆಟೋ ಬರುತ್ತಿತ್ತು. ಹಿಡಿದುಬಿಡಲೇ ಎಂದು ನನ್ನ ಕೈ ತಾನೇ ಮುಂದೆ ಹೋಯಿತು, ಅದನ್ನು ಸೆರಗಿನಲ್ಲಿ ಸುತ್ತಿಕೊಂಡೆ. ಆಟೋ ಹಾದುಹೋಗುವವರೆಗೂ ಅವರು ಅಲುಗಲಿಲ್ಲ. ಸದ್ದು ಕರಗಿದ ಮೇಲೆ ಇನ್ನೊಮ್ಮೆ ಎಡ, ಇನ್ನೊಮ್ಮೆ ಬಲ. ಆಮೇಲೆ ದಾಟಿದರು.

ಆ ಬದಿಯಲ್ಲಿ ನನಗಾಗಿ ಕಾದು ಹೇಳಿದರು: "ಒಂದ್ ಎತ್ತಿನ್ ಗಾಡಿ, ಒಂದ್ ಆಟೋ ಬಂತು. ಕಣ್ ಮಿಟುಕ್ಸಿದೆ, ಗಾಡಿ ಒಂಟೋಯ್ತು. ಆಟೋ ಓಗ್ಲಿಲ್ಲ. ಅದಕ್ ನಿಂತೆ."

"ಮತ್ತೆ ಓಣಿಯಲ್ಲಿ?"

"ಅಲ್ಲಿ ಮಿಟುಕ್ಸಿ ನೋಡ್ಲಿಲ್ಲ. ದಾರಿ ಬಿಟ್ರೆ ನಮ್ ಗಂಟೇನ್ ಓಯ್ತದೆ?"

ಅಂಗಡಿಯ ಬೆಂಚಿನಿಂದ ಅವರ ಜೊತೆಗಾರ ಏಳುಮಲೈ ಕೈಯೆತ್ತಿ ಬರಮಾಡಿಕೊಂಡರು. "ವಾಂಗಣ್ಣೇ, ವಾಂಗ! ಇಷ್ಟು ದಿನ ಎಲ್ಲಿ ಕಾಣೆ ಆಗ್ಬಿಟ್ರಿ?"

"ಮನೇಲಿ ನೆಂಟ್ರು ಕಣಪ್ಪ."

"ಒಂಟೋದ್ರಾ?"

"ಅರ್ಧ ಜನ" ಎಂದು ಮಾವ ಬೆಂಚಿನ ಮೇಲೆ ಕೈಯಾಡಿಸಿ ನೋಡಿ, ಖಾಲಿಯಿದ್ದ ಜಾಗದಲ್ಲಿ ಕೂತರು.

ಈಗ ನಡುಮನೆಯಲ್ಲಿ ಬೇಗ ದೀಪ ಹತ್ತುತ್ತದೆ. ಕೆಲವು ದಿನ ಅತ್ತೆ ಹಟಕ್ಕೆ ಬಿದ್ದು ಸಂಜೆಯ ಹೊತ್ತು ನೀಲಿ ಕುರ್ಚಿಯಲ್ಲಿ ತಾವೇ ಕೂತರು. "ಈಗೆಲ್ಲವ್ಳೆ ನಿಮ್ಮವ್ಳು?" ಎಂದು ಕೇಳಿದ್ದಕ್ಕೆ ಮಾವ, "ನೀನ್ ಕೂತ್ಮೇಲೆ ಅವಳೆಲ್ ಕೂರ್ತಾಳೆ, ಪಾಪ, ಮಗೂನೆತ್ಕಂಡು ನಿಂತವ್ಳೆ" ಎಂದರಂತೆ. ಅಂದಿನಿಂದ ಅತ್ತೆ ಅಲ್ಲಿ ಕೂರುವುದಿಲ್ಲ. ಕೇಳಿದರೆ ಬೆನ್ನು ನೋವು ಎನ್ನುತ್ತಾರೆ.

ಮೊನ್ನೆ ಮತ್ತೆ ರೈಲಿನಲ್ಲಿ ನಿಂತು ಬಂದ ಸಂಜೆ, ಕುರ್ಚಿಯ ಕಾಲಿನ ತಂತಿಯನ್ನು ಬಿಚ್ಚಿ ಎಸೆದು, ಮಾವನನ್ನು ಕೇಳಿಯೇ ಅದರಲ್ಲಿ ಕೂತೆ. ಮಂಚದ ಮೇಲಿನಿಂದ ಅವರು ನನ್ನತ್ತ ತಿರುಗಿದರು. ಕಣ್ಣು ಬಿಗಿಯಾಗಿ ಮುಚ್ಚಿ ತೆರೆದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಮತ್ತೆ ನನ್ನತ್ತ ಬಂದರು.

"ಓಗ್ಲಿಲ್ಲ" ಎಂದರು.

"ಯಾರು, ಮಾವ?"

"ನೀನು. ಮಕ ಕಾಣಲ್ಲ, ಆದ್ರೂ ಅಂಗೇ ಕೂತಿದೀಯ."

ಒಳಗಿನಿಂದ ಅತ್ತೆಯ ದನಿ ಬಂತು: "ಅವಳೆಲ್ಲಿಗ್ ಓಗ್ತಾಳೆ? ಇನ್ನೂ ಅವರೆಕಾಯಿ ಬಿಡಿಸೋದದೆ!"