ಮಂಜಗುಣಿಯ ನೀರಿನ ರುಚಿ

ನಾನು ವಿದ್ಯಾರ್ಥಿನಿಯಾಗಿದ್ದಾಗ ಅಂಕೋಲೆ ಕಡೆಯ ಮಂಜಗುಣಿಯ ಗಜನಿಯಲ್ಲಿ, ಅಂದರೆ ಹೊಳೆಯ ಉಪ್ಪುನೀರು ಹತ್ತುವ ಗದ್ದೆಯಲ್ಲಿ, ನೀರಿನ ಉಪ್ಪು ಅಳೆಯುತ್ತಿದ್ದೆ. ಅಲ್ಲಿ ಕೂಲಿಗೆ ಬರುತ್ತಿದ್ದ ಒಬ್ಬ ಅಕ್ಕ ಜೊತೆಯಾಗುತ್ತಿದ್ದಳು. ನಾನು ಮೀಟರ್ ಅದ್ದುವಷ್ಟರಲ್ಲಿ ಅವಳು ಬೆರಳದ್ದಿ ನಾಲಿಗೆಗೆ ಮುಟ್ಟಿಸಿ “ಸಪ್ಪೆ”, “ಉಪ್ಪುಪ್ಪು”, “ಬರೀ ಸಮುದ್ರ” ಎಂದುಬಿಡುತ್ತಿದ್ದಳು. ಮೀಟರಿನ ಅಂಕಿ, ಅವಳ ಮಾತು ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಆಮೇಲೆ ಒಡ್ಡಿನ ಮೇಲೆ ಕೂತು ಅವಳು ತಂದ ಗಂಜಿ, ಸುಟ್ಟ ಒಣಮೀನು.

ಒಂದು ಬೆಳಿಗ್ಗೆ ಮೀಟರ್ ಸಿಹಿನೀರು ಎಂದು ತೋರಿಸಿತು. ಅವಳು ಥೂ ಎಂದು ಉಗುಳಿ “ಬರೀ ಸಮುದ್ರ” ಎಂದಳು.

“ನಿನ್ನ ಮಿಷನ್ನಿಗೆ ಜ್ವರ ಬಂದು ಬಾಯಿರುಚಿ ಹೋದಂಗದೆ ತಂಗೀ. ಕಷಾಯ ಕುಡಿಸು!”

ಅವಳೇ ಸರಿ. ಕಾರವಾರದ ಲ್ಯಾಬಿನಲ್ಲಿ ಪರೀಕ್ಷಿಸಿದಾಗ ಮೀಟರ್ ಕೆಟ್ಟಿದ್ದು ಗೊತ್ತಾಯಿತು. ಹಾಗಾಗಿ ಅವಳ ಮಾತನ್ನೇ ಉಳಿಸಿಕೊಂಡೆ ಎಂದು ಇಷ್ಟು ವರ್ಷ ನಾನು ಪಾಠ ಮಾಡುವ ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ.

ಈಗ ನಾಲ್ಕು ಕಾಲೇಜಿನವರು ಸೇರಿ, ಹೊಳೆ ಸಮುದ್ರ ಸೇರುವ ಹೊಳೆಬಾಯಿಗಳ ಅಧ್ಯಯನ ಶುರುಮಾಡಿದ್ದೇವೆ. ಮೊದಲ ಸಭೆಯಲ್ಲೇ ಒಂದು ಮಾತಾಯಿತು: ಅಳತೆಗಳ ತಿದ್ದಿದ ಪಟ್ಟಿಯಷ್ಟೇ ಅಲ್ಲ, ಹಳೆಯ ನೋಟ್‌ಬುಕ್ಕುಗಳ ಮೂಲ ಪುಟಗಳನ್ನೂ ಯಾರು ಬೇಕಾದರೂ ನೋಡುವಂತೆ ಇಂಟರ್ನೆಟ್ಟಿಗೆ ಹಾಕಬೇಕು. ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ನಾನು.

ಶಿರವಾಡದ ನಮ್ಮ ಮನೆಯ ಕಪಾಟಿನಲ್ಲಿ ಆ ನೋಟ್‌ಬುಕ್ ಸಿಕ್ಕಿತು. ಹಾಳೆಗೆ ಒಣಮೀನಿನ ವಾಸನೆ ಇದೆ ಎನಿಸಿತು, ಇರಲಾರದು. ಆ ದಿನದ ಪುಟ ತೆರೆದರೆ ಅವಳ ಮಾತಿನ ಮೇಲೆ ಕಾಟು ಗೆರೆ, ಹಾಳೆ ಹರಿಯುವಷ್ಟು ಒತ್ತಿ ಹೊಡೆದದ್ದು. ಮೀಟರಿನ ಅಂಕಿ ಹಾಗೇ ಇದೆ. ನನ್ನ ಪ್ರಬಂಧದಲ್ಲೂ ಅದೇ ಅಂಕಿ. ಹಾಗಾದರೆ ಲ್ಯಾಬಿನ ಪರೀಕ್ಷೆ ನಡೆದದ್ದು ಪ್ರಬಂಧ ಕೊಟ್ಟ ಮೇಲೆಯೇ? ಅಥವಾ ಮೊದಲೇ ಗೊತ್ತಿದ್ದೂ ಸುಮ್ಮನಿದ್ದೆನೇ?

ಈ ಒಂದು ಪುಟ ಹಾಕದೆ ಬಿಟ್ಟರೆ ಯಾರಿಗೂ ಗೊತ್ತಾಗದು ಎಂದು ಎರಡು ದಿನ ಯೋಚಿಸಿದೆ. ಮೂರನೆಯ ದಿನ ಅಂಕೋಲೆಯ ಬಸ್ಸು ಹತ್ತಿ ಮಂಜಗುಣಿಗೆ ಹೋದೆ. ಮಾತು ಅವಳದು, ಕೇಳಬೇಕಲ್ಲ.

ಅಕ್ಕ ಪುಟ ನೋಡಿ ನಕ್ಕಳು. “ಇಷ್ಟ್ ಜೋರಾಗಿ ಹೊಡ್ದಿದ್ಯಾ? ನನ್ನ ಮೇಲೆ ಸಿಟ್ಟಿತ್ತಾ?”

“ನೆನಪಿಲ್ಲ ಅಕ್ಕ. ಎಲ್ಲರೂ ನೋಡೂ ಹಾಗೆ ಹಾಕಲಾ?”

“ಹಾಕು. ಆದ್ರೆ ಒಂದಿನ ನಾ ಎಲೆಡಿಕೆ ಕವಳ ಬಾಯಲ್ಲಿಟ್ಕಂಡೇ ರುಚಿ ನೋಡಿ ತಪ್ಪು ಹೇಳಿದ್ದೆ. ಅದ ಬರ್ದಿದ್ಯಾ?”

ಬರೆದಿರಲಿಲ್ಲ. ಅಂಥದ್ದೊಂದು ದಿನವೇ ನನಗೆ ನೆನಪಿಲ್ಲ.

“ಮತ್ತೆ ಅದ್ನೂ ಬರಿ. ನಿಂದೊಂದೇ ತಪ್ಪು ಕಂಡ್ರೆ ಚಂದ ಆಗೂದಿಲ್ಲ.”

ಪುಟವನ್ನು ಕಾಟಿನ ಸಮೇತ ಹಾಕಿದೆ. ಕೆಳಗೆ ಟಿಪ್ಪಣಿ ಬರೆದೆ: ಹೊಡೆದುಹಾಕಿದವಳು ನಾನು, ಮೀಟರ್ ಕೆಟ್ಟಿತ್ತು, ಯಾವಾಗ ತಿಳಿಯಿತೋ ಖಚಿತವಿಲ್ಲ. ಇನ್ನೊಂದು ದಿನ ತಾನೂ ತಪ್ಪಿದ್ದೆ ಎಂದು ಅಕ್ಕ ಹೇಳುತ್ತಾಳೆ. ಅದು ಯಾವ ದಿನವೆಂದು ಅವಳಿಗೂ ಗೊತ್ತಿಲ್ಲ, ನನ್ನ ಪುಸ್ತಕದಲ್ಲೂ ಇಲ್ಲ.