ಒಂಬತ್ತು ಕಾಯಿ, ಎರಡು ಖುರ್ಚಿ

ನಮ್ಮ ಮನೆಯ ದೇವರ ಕೋಣೆಯ ಮೂಲೆಯಲ್ಲಿ ಈ ಹೊತ್ತು ಒಂಬತ್ತು ತೆಂಗಿನಕಾಯಿಗಳು ಸಾಲಾಗಿ ಕುಳಿತಿವೆ. ಅವುಗಳಲ್ಲಿ ಒಂದೂ ನಮ್ಮದಲ್ಲ. ಓಣಿಯ ಒಂಬತ್ತು ಮನೆಯವರು ಕೊಲ್ಲಾಪುರದ ದೇವಿಗೆ ಮುಟ್ಟಿಸುತ್ತೇವೆಂದು ನಂಬಿ ನಮ್ಮ ಕೈಯಲ್ಲಿ ಕೊಟ್ಟವು. ಅವು ಕೊಲ್ಲಾಪುರವನ್ನೂ ನೋಡಲಿಲ್ಲ, ದೇವಿಯನ್ನೂ ನೋಡಲಿಲ್ಲ. ಹೋದಂತೆಯೇ ತಿರುಗಿ ಬೈಲಹೊಂಗಲಕ್ಕೆ ಬಂದುಬಿಟ್ಟಿವೆ. ಬೆಳಿಗ್ಗೆ ಪೂಜೆಗೆ ಕುಳಿತರೆ ಜುಟ್ಟು ನಿಮಿರಿಸಿಕೊಂಡು ನನ್ನ ಕಡೆಗೇ ನೋಡುತ್ತವೆ. ತಪ್ಪು ನನ್ನದೇ, ಒಪ್ಪುತ್ತೇನೆ. ಆದರೆ ಒಪ್ಪಿಕೊಳ್ಳುವ ಮೊದಲು ಒಂದಿಷ್ಟು ಸಿಟ್ಟು ಮಾಡಿಕೊಳ್ಳುತ್ತೇನೆ, ಅಷ್ಟಕ್ಕೆ ನೀವು ಅವಕಾಶ ಕೊಡಬೇಕು.

ನಾನು ಮಾಡಿದ ಅಪರಾಧವಾದರೂ ಏನು? ಕೈಹಿಡಿದ ಹೆಂಡತಿಯನ್ನು ಕರೆದುಕೊಂಡು ಎರಡು ದಿನ ಒಂದು ಊರಿಗೆ ಹೋಗಬೇಕೆಂದುಕೊಂಡೆ. ಇಷ್ಟೇ. ಬೇರೆಯವರ ಹೆಂಡತಿಯನ್ನಲ್ಲ, ನನ್ನದೇ ಹೆಂಡತಿ ಗಿರಿಜೆಯನ್ನು. ಇಪ್ಪತ್ತೇಳು ವರ್ಷಗಳಿಂದ ಒಂದೇ ಸೂರಿನಡಿ ಇರುವವಳನ್ನು.

ನಾವು ಊರೂರು ತಿರುಗಿಲ್ಲವೆಂದಲ್ಲ. ಬೇಕಾದಷ್ಟು ತಿರುಗಿದ್ದೇವೆ. ಕಿತ್ತೂರಿಗೆ ಮದುವೆಗೆ, ರಾಮದುರ್ಗಕ್ಕೆ ಬಸುರಿಯ ಕುಬಸಕ್ಕೆ, ಮುರಗೋಡದ ಮಠಕ್ಕೆ ಪ್ರವಚನಕ್ಕೆ, ಮನೋಳಿಗೆ ತೀರಿಕೊಂಡವರ ಮನೆಯವರನ್ನು ಮಾತಾಡಿಸಲಿಕ್ಕೆ. ಎಲ್ಲಿಗೆ ಹೋದರೂ ನಡೆಯುವುದು ಒಂದೇ. ಬಸ್ಸು ಇಳಿದು ಹೊಸ್ತಿಲು ದಾಟುತ್ತಿದ್ದಂತೆ ಗಿರಿಜೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡಿಗೆಮನೆಗೆ ಹೋಗುತ್ತಾಳೆ, ನಾನು ಗಂಡಸರ ಜೊತೆ ಕಟ್ಟೆಯ ಮೇಲೆ ಕೂಡುತ್ತೇನೆ. ಊಟದ ಪಂಕ್ತಿಯಲ್ಲಿ ಅವಳು ಸಾರು ಬಡಿಸುತ್ತ ಬಂದಾಗ ಒಮ್ಮೆ ಪರಸ್ಪರ ಮುಖ ನೋಡುತ್ತೇವೆ. ಆಮೇಲೆ ನೋಡುವುದು ತಿರುಗಿ ಬರುವ ಬಸ್ಸಿನಲ್ಲೇ. ಆಗ ಅವಳಿಗೆ ನಿದ್ದೆ ಬಂದಿರುತ್ತದೆ.

ಹೀಗಿರುವಾಗ ಒಂದು ರವಿವಾರ ಪತ್ರಿಕೆಯ ಪುರವಣಿಯಲ್ಲಿ ಒಂದು ಚಿತ್ರ ಬಂತು. ಸಾಂಗ್ಲಿಯ ಆಚೆ, ವೈನ್ ತಯಾರಿಸುವ ಒಂದು ಸಣ್ಣ ಊರು. ದ್ರಾಕ್ಷಿ ಚಪ್ಪರದ ಕೆಳಗೆ ಎರಡು ಬೆತ್ತದ ಖುರ್ಚಿ. ಗಿರಿಜೆ ಮೆಂತೆಪಲ್ಲೆ ಸೋಸುತ್ತಿದ್ದವಳು ಕೈ ನಿಲ್ಲಿಸಿ ಅದನ್ನೇ ನೋಡಿದಳು. ನೋಡಿ, "ಈ ಖುರ್ಚಿ ಮ್ಯಾಲ ಯಾರೂ ಕುಂತಿಲ್ಲ ನೋಡ್ರಿ" ಅಂದಳು. ಅಷ್ಟು ಹೇಳಿ ಆ ಹಾಳೆಯ ಮೇಲೆಯೇ ಮೆಂತೆಯ ದಂಟು ಹಾಕಿ ಸುತ್ತಿ ಒಯ್ದಳು. ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. ಸಾವಿರ ವರ್ಷದ ಹಿಂದಿನ ಶಾಸನದ ಒಂದು ಸಾಲಿಗೆ ನಾಲ್ಕು ಅರ್ಥ ಹೇಳಬಲ್ಲೆ. ಹೆಂಡತಿಯ ಈ ಒಂದು ಸಾಲು ಅರ್ಥವಾಗಲಿಕ್ಕೆ ನನಗೆ ಎರಡು ತಿಂಗಳು ಬೇಕಾಯಿತು. ಅರ್ಥವಾದ ದಿನವೇ ಫೋನು ಮಾಡಿ ಆ ಊರಿನ ತೋಟದ ಮನೆಯೊಂದರಲ್ಲಿ ಕೋಣೆ ಹಿಡಿದೆ. ಎರಡು ದಿನ ಅವಳು ಖುರ್ಚಿಯ ಮೇಲೆ ಕುಳಿತಿರಬೇಕು, ಯಾರೂ ಅವಳನ್ನು ಏಳು ಅನ್ನಬಾರದು. ನನ್ನ ಯೋಜನೆ ಇದರಾಚೆ ಒಂದು ಗೇಣೂ ಇರಲಿಲ್ಲ.

ಆದರೆ ಓಣಿ ಬಿಡಬೇಕಲ್ಲ! ನಮ್ಮ ಪಕ್ಕದ ಮನೆಯ ಬಸಣ್ಣ, ನನ್ನ ಜೊತೆಯೇ ಕೆಲಸ ಮಾಡುವವನು, ನಾನು ಕಾರು ಒರೆಸುವುದನ್ನು ಕಂಡು ಬಂದ.

"ಎಲ್ಲಿಗ್ರಿ ಸರ?"

"ಸಾಂಗ್ಲಿ ಕಡೆ."

"ಯಾರದರೆ ಮದವಿ ಐತೇನ್ರಿ?"

"ಇಲ್ಲ."

"ಹಂಗಾರ ಯಾರರ ತೀರ್ಕೊಂಡ್ರೇನು?"

"ಇಲ್ಲಪಾ, ಸುಮ್ನ ಹೊಂಟೇವಿ. ಇಬ್ಬರೂ."

ಬಸಣ್ಣನ ಮುಖ ಬಿಳಿಚಿತು. ದನಿ ಇಳಿಸಿ, "ಮೀರಜ ದವಾಖಾನಿಗೇನ್ರಿ? ಯಾರಿಗೆ ಏನಾಗೇತಿ? ಗಿರಿಜಾ ವೈನಿಯವರಿಗೇನು?" ಅಂದ. ನಿಜವಾಗಿಯೂ ಅವನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಗಂಡ ಹೆಂಡತಿ ಇಬ್ಬರೇ ಸುಮ್ಮನೆ ಹೋಗುತ್ತಾರೆ ಅನ್ನುವುದಕ್ಕಿಂತ ಇಬ್ಬರಲ್ಲಿ ಒಬ್ಬರಿಗೆ ದೊಡ್ಡ ರೋಗ ಬಂದಿದೆ ಅನ್ನುವುದನ್ನು ನಂಬುವುದು ಅವನಿಗೆ ಸುಲಭವಾಗಿತ್ತು. ನೋಡಿ, ನನಗೆ ಸಿಟ್ಟು ಬರುವುದು ಇಂಥಲ್ಲಿಯೇ. ಆದರೆ ಆ ಹೊತ್ತಿನಲ್ಲಿ ನನಗೆ ಬಂದದ್ದು ಸಿಟ್ಟಲ್ಲ, ಪುಕ್ಕಲುತನ. "ಏನೂ ಆಗಿಲ್ಲೋ ಮಾರಾಯಾ, ಕೊಲ್ಲಾಪುರಕ್ಕ ದೇವಿಗೆ ಹೊಂಟೇವಿ" ಅಂದುಬಿಟ್ಟೆ. ಬಸಣ್ಣ ಉಸಿರು ಬಿಟ್ಟ. "ಹಂಗ ಹೇಳ್ರಲಾ ಮತ್ತ!" ಅಂತ ನಕ್ಕ. ನನ್ನ ಸುಳ್ಳಿನಿಂದ ಒಬ್ಬ ಮನುಷ್ಯನಿಗೆ ಅಷ್ಟು ಸಮಾಧಾನವಾದದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ದೇವರಿಗೆ ಹೊರಟವರು ಒಬ್ಬರೇ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಜೊತೆಗೆ ಬರಲಾಗದವರು ಕಾಯಿ ಕಳಿಸುತ್ತಾರೆ. ಸಂಜೆಯ ಹೊತ್ತಿಗೆ ಮನೆಯ ಮುಂದೆ ಹೆಣ್ಣುಮಕ್ಕಳ ಸಾಲು. ಒಬ್ಬರ ಮಗಳಿಗೆ ವರ ಗೊತ್ತಾಗಬೇಕು, ಒಬ್ಬರ ಎಮ್ಮೆ ಗಬ್ಬ ನಿಲ್ಲಬೇಕು. ಎದುರುಮನೆಯ ಗಂಗವ್ವಾಯಿ, ಎಂಬತ್ತರ ಹತ್ತಿರದ ಮುದುಕಿ, ಗಂಡ ತೀರಿಹೋಗಿ ಹದಿನೈದು ವರ್ಷವಾದವಳು, ತಾನೇ ಕೋಲೂರಿಕೊಂಡು ಬಂದು ಒಂದು ಕಾಯಿ, ಒಂದು ಹಸಿರು ಕುಪ್ಪಸದ ಖಣ ಗಿರಿಜೆಯ ಕೈಗಿಟ್ಟು, "ನನ್ನ ಹೆಸರಲೆ ದೇವಿ ಉಡಿ ತುಂಬವಾ" ಅಂದಳು. ಗಿರಿಜೆ ನನ್ನನ್ನು ನೋಡಿದ ನೋಟವನ್ನು ನಾನು ಇಲ್ಲಿ ವರ್ಣಿಸುವುದಿಲ್ಲ. ಬಸಣ್ಣನಂತೂ ಹೆಂಡತಿಯನ್ನೂ ಅತ್ತೆಯನ್ನೂ ಕಟ್ಟಿಕೊಂಡು ಬರಲು ತಯಾರಾಗಿಬಿಟ್ಟಿದ್ದ. "ಗಾಡ್ಯಾಗ ಹಿಂದ ಮೂರು ಮಂದೀದು ಜಾಗಾ ಐತಲ್ರಿ" ಅಂದ. "ಹಿಂದ ಕಾಯಿ ಅದಾವು" ಅಂದೆ. ಆ ಒಂದು ಕ್ಷಣ ಕಾಯಿಗಳ ಬಗ್ಗೆ ನನಗೆ ಭಕ್ತಿ ಹುಟ್ಟಿತು.

ದಾರಿಯುದ್ದಕ್ಕೂ ನಾನು ಗೊಣಗಿದೆ. ನಮ್ಮ ಭಾಷೆಯಲ್ಲಿ ಯಾತ್ರೆ ಇದೆ, ಜಾತ್ರೆ ಇದೆ, ದಿಗ್ವಿಜಯವಿದೆ, ದಂಡು ಹೋಗುವುದಿದೆ. ಮದುವೆಯಾದ ಹೊಸದರಲ್ಲಿ ಇಂಗ್ಲಿಷರಿಂದ ಕಡ ತಂದ ಹನಿಮೂನೂ ಇದೆ. ಆದರೆ ತಲೆ ಬೆಳ್ಳಗಾದ ಗಂಡ ಹೆಂಡತಿ ಎಲ್ಲಾದರೂ ಹೋಗಿ ಸುಮ್ಮನೆ ಕುಳಿತು ಬರುವುದಕ್ಕೆ ಒಂದು ಹೆಸರಿಲ್ಲ. ಯಾರೂ ಮಾಡದ ಕೆಲಸಕ್ಕೆ ಹೆಸರು ಯಾಕೆ ಬೇಕು? ನಮ್ಮ ಶಿವನನ್ನೇ ನೋಡಿ. ಲೋಕವೆಲ್ಲ ಬಿಟ್ಟು ಕೈಲಾಸದ ತುದಿಗೆ ಹೋಗಿ ಮನೆ ಮಾಡಿದ. ಅಲ್ಲಿಯಾದರೂ ಪಾರ್ವತಿಯ ಜೊತೆ ಎರಡು ದಿನ ನಿಶ್ಚಿಂತೆಯಿಂದ ಕುಳಿತನೇ? ತಲೆಯ ಮೇಲೆ ಗಂಗೆ, ಬಾಗಿಲಲ್ಲಿ ನಂದಿ, ಅಂಗಳದ ತುಂಬ ಗಣಂಗಳು, ವರ ಕೇಳಲು ಬಂದವರ ಪಾಳಿ. ಅವನು ಆಗಾಗ ಮೂರನೆಯ ಕಣ್ಣು ತೆರೆಯುತ್ತಿದ್ದುದಕ್ಕೆ ಪುರಾಣದಲ್ಲಿ ಹೇಳಿದ ಕಾರಣವೇ ನಿಜವೆಂದು ನನಗೀಗ ಅನಿಸುವುದಿಲ್ಲ. ಇದನ್ನು ಗಿರಿಜೆಗೆ ಹೇಳಿದೆ. "ಗಾಡಿ ಸಾವಕಾಶ ಹೊಡೀರಿ" ಅಂದಳು.

ತೋಟದ ಮನೆಯ ಗೇಟಿನಲ್ಲಿ ನನ್ನ ಸಿಟ್ಟಿಗೆ ಹೊಸ ಮೇವು ಸಿಕ್ಕಿತು. ಕಾವಲಿನವನು ಅಥಣಿ ಕಡೆಯ ಮನುಷ್ಯ, ಕನ್ನಡದವನೇ. ಹಿಂದಿನ ಬಾಗಿಲು ತೆಗೆಸಿ ನೋಡಿ ಹೌಹಾರಿದ. "ಒಂಬತ್ತು ಕಾಯಿ ಯಾಕ್ರಿ ಸಾಹೇಬರ?" ಅಂದ. ಯಾಕೆಂದು ಹೇಳಲಿ? ಕಾಯಿಯ ಬದಿಗೆ ಗಿರಿಜೆ ಕಟ್ಟಿಕೊಂಡು ಬಂದ ಬುತ್ತಿ: ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ. ಹೊರಗಿನ ಊಟ ಒಳಗೆ ತರುವಂತಿಲ್ಲವಂತೆ. "ಇದು ಹೊರಗಿನ ಊಟ ಅಲ್ಲೋ ಯಪ್ಪಾ, ನನ್ನ ಮನೀದು" ಅಂದಳು ಗಿರಿಜೆ. "ಖರೆ ಐತ್ರಿ ಅಕ್ಕಾರ, ಆದ್ರ ರೂಲ್ಸ್ ಐತ್ರಿ" ಅಂದ ಅವನು. ಕೊನೆಗೆ ದೇವಿಯ ಒಂಬತ್ತು ಕಾಯಿಗಳಿಗೂ ಬುತ್ತಿಯ ಗಂಟಿಗೂ ಸೇರಿಸಿ ಒಂದು ಬಿಲ್ಲೆ ಕೊಟ್ಟ. ಚಪ್ಪಲಿ ಬಿಟ್ಟಾಗ ಕೊಡುತ್ತಾರಲ್ಲ, ಅಂಥದು. ಗಿರಿಜೆ ಅರ್ಧ ಬುತ್ತಿಯನ್ನು ಬಿಚ್ಚಿ ಅವನಿಗೇ ಊಟಕ್ಕೆ ಕೊಟ್ಟಳು. ನಾನು ನಿಯಮದ ವಿರುದ್ಧ ಭಾಷಣ ಮಾಡುತ್ತಿದ್ದಾಗ ಅವನು ಹಿಂಡಿ ಹಚ್ಚಿಕೊಂಡು ರೊಟ್ಟಿ ತಿನ್ನುತ್ತ ಕೇಳುತ್ತಿದ್ದ.

ಕೋಣೆಯಲ್ಲಿ ಹಾಸಿಗೆಯ ಮೇಲೆ ಗುಲಾಬಿ ಎಸಳುಗಳಿಂದ ಹೃದಯದ ಆಕಾರ ಬಿಡಿಸಿದ್ದರು. "ಅಯ್ಯ, ಎಷ್ಟು ಹೂವಾ ದಂಡ ಮಾಡ್ಯಾರ" ಎಂದು ಗಿರಿಜೆ ಅವನ್ನೆಲ್ಲ ಬಳಿದು ಕರವಸ್ತ್ರದಲ್ಲಿ ಕಟ್ಟಿ ಪೂಜೆಗೆ ಇಟ್ಟುಕೊಂಡಳು. ಚಹ ಕುಡಿದ ಕಪ್ಪುಗಳನ್ನು ತೊಳೆದಿಟ್ಟಳು. ಮೂಲೆಯಲ್ಲಿ ಕಸಬರಿಗೆ ಹುಡುಕುತ್ತಿದ್ದಾಗ ನಾನು ಕೂಗಿಯೇಬಿಟ್ಟೆ, "ಗಿರಿಜಾ, ನೀ ಇಲ್ಲಿ ಕಸಾ ಹೊಡ್ಯಾಕ ಬಂದಿಲ್ಲ!" ಅವಳು ಬೈಸಿಕೊಂಡವಳಂತೆ ನಿಂತಳು. ಕೈಗಳನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಅದನ್ನು ನೋಡಿ ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಇಪ್ಪತ್ತೇಳು ವರ್ಷ ಆ ಕೈಗಳಿಗೆ ಪುರಸೊತ್ತು ಕೊಡದೆ ಇದ್ದವರಲ್ಲಿ ನಾನೇ ಮೊದಲಿಗ.

ಮಧ್ಯಾಹ್ನ ಎಲ್ಲ ಅತಿಥಿಗಳಿಗೂ ವೈನ್ ರುಚಿ ತೋರಿಸುವ ಕಾರ್ಯಕ್ರಮ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ನಾವಿಬ್ಬರೂ ಗೋಡೆಗೆ ಒರಗಿ ನಿಂತೆವು. ಗ್ಲಾಸನ್ನು ಆಡಿಸಬೇಕು, ಮೂಸಬೇಕು, ಒಂದು ಗುಟುಕು ಬಾಯಲ್ಲಿ ಹೊರಳಿಸಿ ಆಮೇಲೆ ಪಾತ್ರೆಯಲ್ಲಿ ಉಗುಳಬೇಕು ಎಂದು ಅಲ್ಲಿಯ ಜಾಣನೊಬ್ಬ ಹೇಳಿಕೊಟ್ಟ. "ಉಗಳೂದಿದ್ರ ಬಾಯಾಗ ಯಾಕ ಹಾಕ್ಕೋಬೇಕ್ರಿ?" ಎಂದು ಗಿರಿಜೆ ನನ್ನ ಕಿವಿಯಲ್ಲಿ ಕೇಳಿದಳು. ನಾವು ಕುಡಿಯಲೂ ಇಲ್ಲ, ಉಗುಳಲೂ ಇಲ್ಲ. ತಿನ್ನಲು ನಾಲ್ಕು ದ್ರಾಕ್ಷಿ ಕೊಡಿ ಎಂದು ಕೇಳಿದರೆ, ಇವು ತಿನ್ನುವ ಹಣ್ಣಲ್ಲ ಅಂದರು. ಕಣ್ಣು ಹಾಯಿಸಿದಷ್ಟು ದೂರ ದ್ರಾಕ್ಷಿ, ಒಂದೂ ಬಾಯಿಗೆ ಸಲ್ಲುವುದಿಲ್ಲ! ಗಿರಿಜೆ ಮಾತ್ರ ಯಾರೂ ನೋಡದಾಗ ಎರಡು ಕಿತ್ತು ಬಾಯಿಗೆ ಹಾಕಿಕೊಂಡು, "ಬರೇ ಬೀಜ" ಅಂದಳು.

ಖುರ್ಚಿಗಳು ಸಿಕ್ಕಿದ್ದು ಮರುದಿನ, ರವಿವಾರ ಬೆಳಿಗ್ಗೆ. ಚಿತ್ರದಲ್ಲಿದ್ದಂಥವೇ, ಚಪ್ಪರದ ಕೆಳಗೆ ಎರಡು. ಗಿರಿಜೆ ಮೊದಲು ತುದಿಯಲ್ಲಿ ಕುಳಿತಳು, ಯಾರಾದರೂ ಕರೆದರೆ ಏಳುವವಳಂತೆ. ಸ್ವಲ್ಪ ಹೊತ್ತಿಗೆ ಹಿಂದಕ್ಕೆ ಒರಗಿದಳು. ಆಮೇಲೆ ಕಾಲು ಮೇಲೆ ಎತ್ತಿ ಚಕ್ಕಳಮಕ್ಕಳ ಹಾಕಿದಳು. ಮಾತಾಡತೊಡಗಿದಳು. ಚಿಕ್ಕವಳಿದ್ದಾಗ ರಾಮದುರ್ಗದಲ್ಲಿ ಗೆಳತಿಯರ ಜೊತೆ ಸಾಲಿ ತಪ್ಪಿಸಿ ಹೊಳೆಯಲ್ಲಿ ಈಜುತ್ತಿದ್ದಳಂತೆ. ಒಮ್ಮೆ ಸುಳಿಗೆ ಸಿಕ್ಕು ಮುಳುಗುವುದರಲ್ಲಿದ್ದಳಂತೆ. ನನ್ನ ಹೆಂಡತಿಗೆ ಈಜು ಬರುತ್ತದೆಂಬುದು ನನಗೆ ಇಪ್ಪತ್ತೇಳು ವರ್ಷ ಗೊತ್ತಿರಲಿಲ್ಲ.

ಹತ್ತು ಗಂಟೆಗೆ ಹೊರಟಿದ್ದರೆ ಕೊಲ್ಲಾಪುರ ಮುಟ್ಟಿ, ಪಾಳಿಯಲ್ಲಿ ನಿಂತು, ಒಂಬತ್ತು ಕಾಯಿ ಒಡೆಸಿ, ಉಡಿ ತುಂಬಿಸಿ ಮನೆ ಸೇರಬಹುದಿತ್ತು. ಸುಳ್ಳು ಖರೇ ಆಗುತ್ತಿತ್ತು. ನಾನು ಗಡಿಯಾರ ನೋಡಿದೆ. ಅವಳು ಹೊಳೆಯ ನಟ್ಟನಡುವೆ ಇದ್ದಳು. ಹತ್ತಾಯಿತು, ಹನ್ನೊಂದಾಯಿತು. ಓಣಿಯ ಒಂಬತ್ತು ಮನೆಗಳೂ ಕಣ್ಣ ಮುಂದೆ ಬಂದವು. ಏಳು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮೂರು ಗಂಟೆಗೆ ಅವಳೇ ಎದ್ದು, "ಕಾಯಿ ಹಂಗ ಉಳದ್ವಲ್ರಿ" ಅಂದಳು. "ಉಳೀಲಿ" ಅಂದೆ. ಬಿಲ್ಲೆ ಕೊಟ್ಟು ಕಾಯಿಗಳನ್ನು ಬಿಡಿಸಿಕೊಂಡು ಬಂದೆವು.

ದಾರಿಯಲ್ಲಿ ನಾನು ಉಪಾಯ ಹೂಡಿದೆ. ನಿಪ್ಪಾಣಿಯಲ್ಲಿ ಒಂದಿಷ್ಟು ಕುಂಕುಮ, ಪೇಡೆ ಕೊಂಡು ಹಂಚಿಬಿಟ್ಟರೆ? ಗಿರಿಜೆ ಒಪ್ಪಲಿಲ್ಲ. "ಪ್ಯಾಟಿ ಪೇಡೆ ಕೊಟ್ಟು ದೇವಿ ಪ್ರಸಾದ ಅಂತ ಗಂಗವ್ವಾಯಿಗೆ ತಿನ್ನಸೂದು ನನ್ನಿಂದ ಆಗೂದಿಲ್ಲರಿ. ಇದ್ದದ್ದು ಇದ್ದಂಗ ಹೇಳತೇನಿ" ಅಂದಳು.

ನಿನ್ನೆ ಸಂಜೆ ಮೊದಲು ಗಂಗವ್ವಾಯಿಯ ಮನೆಗೇ ಹೋದೆವು. ಗಿರಿಜೆ ಕಾಯಿ, ಖಣ ಮುಂದಿಟ್ಟು ಎಲ್ಲ ಹೇಳಿದಳು: ದೇವಿಗೆ ಹೋಗಿರಲಿಲ್ಲ, ಇಬ್ಬರೂ ಒಂದು ತೋಟದಲ್ಲಿ ಸುಮ್ಮನೆ ಕುಳಿತು ಬಂದೆವು ಎಂದು. ನಾನು ಭಾಷಣ ತಯಾರು ಮಾಡಿಕೊಂಡಿದ್ದೆ. ಗಂಡ ಹೆಂಡತಿ ಎರಡು ದಿನ ಜೊತೆಗಿರಲಿಕ್ಕೆ ದೇವರ ಚೀಟಿ ಯಾಕೆ ಬೇಕು ಎಂದು ಕೇಳಿಯೇಬಿಡುವವನಿದ್ದೆ.

ಮುದುಕಿ ನನ್ನನ್ನು ನೋಡಲೇ ಇಲ್ಲ. ಗಿರಿಜೆಯನ್ನು ಕೇಳಿದಳು, "ಮಾತಾಡಿದನೇನು ನಿನ್ನ ಗಂಡ?"

"ಬಾಳ ನಾನ ಮಾತಾಡಿದ್ನಿ ಆಯಿ. ಅವರು ಕೇಳಿದ್ರು."

ಗಂಗವ್ವಾಯಿ ಬೊಚ್ಚುಬಾಯಿ ತೆರೆದು ನಕ್ಕಳು. "ನಾ ಸವದತ್ತಿ ಎಲ್ಲಮ್ಮನ ಗುಡ್ಡಕ್ಕ ಮೂವತ್ತು ವರ್ಸ ಹೋಗದ ಬಿಟ್ಟಾಕಿ ಅಲ್ಲ. ಎಲ್ಲಾರೂ, ಗಂಗವ್ವಂದು ಏನ ಭಕ್ತಿ, ಏನ ಭಕ್ತಿ ಅಂತಿದ್ರು. ಮನ್ಯಾಗ ಅತ್ತಿ, ಮಾವ, ನಾಕು ಮಂದಿ ಮೈದುನರು. ಗಂಡ ಅನ್ನಾಂವಾ ನನ್ನ ಮಾರಿ ನೋಡಿ ಒಂದು ಮಾತಾಡತಿದ್ದಿಲ್ಲ, ನಾಚತಿದ್ದ. ಬಂಡಿ ಊರ ದಾಟಿತಂದ್ರ ಮಾತು ಸುರು ಮಾಡಾವ, ಗುಡ್ಡಾ ಬರೂತನಕಾ ನಿಲ್ಲಸಾವಲ್ಲ. ನಾ ಬ್ಯಾಡಿಕೊಂಡಿದ್ದೆಲ್ಲಾ ದಾರ್ಯಾಗ ಮುಗದಿರತಿತ್ತು. ಎಲ್ಲಮ್ಮನ ಮುಂದ ನಿಂತು, ಮುಂದಿನ ವರ್ಸಾನೂ ಕರಿಸಿಗೋ ಅಂತ ಅಷ್ಟ ಅಂತಿದ್ನಿ."

ನನ್ನ ಭಾಷಣವನ್ನು ಮಡಚಿಟ್ಟೆ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ? ನಾನೇ ಮೊಟ್ಟಮೊದಲು ಕಂಡುಹಿಡಿದೆನೆಂದು ಬೀಗುತ್ತಿದ್ದ ಕಳ್ಳದಾರಿಯಲ್ಲಿ ಈ ಮುದುಕಿ ಮೂವತ್ತು ವರ್ಷ ಬಂಡಿ ಹೊಡೆಸಿದ್ದಾಳೆ. ದೇವಿಗೂ ಅದು ಗೊತ್ತಿತ್ತು, ಗೊತ್ತಿದ್ದೂ ತನ್ನ ಹೆಸರು ಕೊಟ್ಟಿದ್ದಳು.

ಏಳುವಾಗ ಗಂಗವ್ವಾಯಿ ಹಸಿರು ಖಣವನ್ನು ಗಿರಿಜೆಯ ಉಡಿಯಲ್ಲೇ ಹಾಕಿದಳು. ಕಾಯಿಯನ್ನು ಮಾತ್ರ ತಿರುಗಿ ನನ್ನ ಕೈಗೆ ಕೊಟ್ಟಳು. "ಇಟ್ಟಕೋ ತಮ್ಮಾ. ಮತ್ತ ಹೋಗೂವಾಗ ಬೇಕಾಗತೈತಿ."

ಇನ್ನು ಎಂಟು ಮನೆಗಳು ಬಾಕಿ ಇವೆ. ಅವರೆಲ್ಲರೂ ಗಂಗವ್ವಾಯಿಗಳಲ್ಲ, ಬೈಸಿಕೊಳ್ಳುವುದು ಖಂಡಿತ. ಈ ಬೆಳಿಗ್ಗೆ ಗಿರಿಜೆ ರೊಟ್ಟಿ ಬಡಿಯುತ್ತ, ತಿರುಗಿ ನೋಡದೆಯೇ ಕೇಳಿದಳು, "ಬ್ಯಾಸಗಿ ಸೂಟ್ಯಾಗ ಯಾವ ದೇವರಿಗೆ ಹೋಗೂಣ್ರಿ?"

ನಾನಿನ್ನೂ ಸಿಟ್ಟಿನಲ್ಲೇ ಇದ್ದೆ. ಸಿಟ್ಟಿನಿಂದಲೇ ಹೇಳಿದೆ, "ಎರಡು ಖುರ್ಚಿ ಇರೂ ದೇವರಿಗೆ."